ಪಂಚಾಯತ್ ಕಚೇರಿವರೆಗೆ ಬಂದ ಫೈಬರ್ ನಮ್ಮ ಮಕ್ಕಳ ಮನೆಗೆ ಏಕೆ ಬಂದಿಲ್ಲ?

ವಿದ್ಯಾರ್ಥಿವೇತನದ ಪ್ರಕಟಣೆ ಮತ್ತು ಲೆಕ್ಕಪತ್ರ ಇರುವ ವಾರ್ಷಿಕ ವರದಿಯಲ್ಲಿ ಇಂಟರ್ನೆಟ್ ಬಗ್ಗೆ ಇಷ್ಟುದ್ದದ ಲೇಖನ ಏಕೆ ಎಂದು ಕೆಲವು ದಾನಿಗಳಿಗೆ ಅನಿಸಬಹುದು. ಬಡಮನೆಯ ಮಗುವಿಗೆ ಸಿಗಬೇಕಾದ ಸಹಾಯ ಈಗ ಬಹುಪಾಲು ಇಂಟರ್ನೆಟ್ ಮೂಲಕವೇ ಬರುತ್ತದೆ. ರಾಜ್ಯ ಸರಕಾರದ ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಖಾತೆ ತೆರೆಯಬೇಕು, ನಾಡಕಚೇರಿಯ ಜಾತಿ-ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ನಮೂದಿಸಬೇಕು, ಆಧಾರ್‌ಗೆ ಜೋಡಿಸಿದ ಮೊಬೈಲಿಗೆ ಬರುವ ಒಟಿಪಿ ಹಾಕಬೇಕು. ಕೇಂದ್ರದ ಎನ್‌ಎಸ್‌ಪಿ ಪೋರ್ಟಲ್‌ನಲ್ಲಿ 2024-25ರಿಂದ ಮೊದಲ ನೋಂದಣಿಗೆ ಮುಖ ಗುರುತಿಸುವ ಕ್ರಮ ಬಂದಿದ್ದು, ಅದಕ್ಕೆ ಆಂಡ್ರಾಯ್ಡ್ ಫೋನ್ ಮತ್ತು ಸರಿಯಾದ ನೆಟ್‌ವರ್ಕ್ ಎರಡೂ ಬೇಕು. ಸಿಇಟಿ ಬರೆದವರು ಕಾಲೇಜು ಆಯ್ಕೆಯನ್ನು ನಿಗದಿತ ದಿನಗಳೊಳಗೆ ಆನ್‌ಲೈನಿನಲ್ಲೇ ನಮೂದಿಸಬೇಕು. ಆ ದಿನ ತಪ್ಪಿದರೆ ಆ ಸುತ್ತಿನ ಅವಕಾಶ ಹೋದಂತೆ.

ಹೆತ್ತವರಿಗೆ ಇದೆಲ್ಲ ಗೊತ್ತಿರುವ ವಿಷಯವೇ. ಆಧಾರ್‌ಗೆ ಜೋಡಿಸಿದ ಸಿಮ್ ದಮ್ಮಾಮಿನಲ್ಲೋ ದುಬೈಯಲ್ಲೋ ಇರುವ ತಂದೆಯ ಕಿಸೆಯಲ್ಲಿರುತ್ತದೆ, ಮಗಳು ಅರ್ಜಿ ತುಂಬುವುದು ಇಲ್ಲಿ. ಅವರು ಕೆಲಸದಲ್ಲಿರುವ ಹೊತ್ತಿಗೆ ಒಟಿಪಿ ಬಂದು, ಅದರ ಅವಧಿಯೂ ಮುಗಿದುಹೋಗುತ್ತದೆ. ಕೊನೆಗೆ ತಾಯಿ ಮಗಳು ಬಸ್ಸು ಹಿಡಿದು ಪೇಟೆಯ ಸೈಬರ್‌ಗೆ ಹೋಗುತ್ತಾರೆ. ಒಂದು ದಿನದ ಬೀಡಿಯ ಕೂಲಿ, ಬಸ್ ಚಾರ್ಜು, ಸೈಬರಿನವರ ಶುಲ್ಕ, ಸರ್ವರ್ ಕೈಕೊಟ್ಟರೆ ಮರುದಿನ ಮತ್ತೊಮ್ಮೆ ಅದೇ ಖರ್ಚು. ಉಚಿತ ಎನ್ನುವ ಅರ್ಜಿಗೂ ಹೀಗೆ ಬೆಲೆ ಇದೆ, ಅದನ್ನು ತೆರುವವರು ಬಡವರು.

ಎತ್ತರದಲ್ಲಿ ಸಿಗ್ನಲ್, ತಗ್ಗಿನಲ್ಲಿ ಮನೆ

2021ರ ಜೂನ್ ತಿಂಗಳಲ್ಲಿ ಸುಳ್ಯ ತಾಲೂಕಿನ ಗುತ್ತಿಗಾರು ಸಮೀಪದ ಬಳ್ಳಕದ ಒಂದು ಚಿತ್ರ ದೇಶವಿಡೀ ಹರಿದಾಡಿತು. ಸುರಿಯುವ ಮಳೆಯಲ್ಲಿ ರಸ್ತೆ ಬದಿ ಕುಳಿತು ಆನ್‌ಲೈನ್ ತರಗತಿ ಕೇಳುತ್ತಿದ್ದ ಹುಡುಗಿ, ಪಕ್ಕದಲ್ಲಿ ಕೊಡೆ ಹಿಡಿದು ನಿಂತ ಅವಳ ತಂದೆ. ಕೊರೋನಾ ಕಾಲದಲ್ಲಿ ಗುಡ್ಡ ಹತ್ತಿ ಪಾಠ ಕೇಳಿದ ಮಕ್ಕಳು ಈ ಮೂರೂ ತಾಲೂಕುಗಳಲ್ಲಿದ್ದಾರೆ.

ಇದಕ್ಕೆ ಕಾರಣ ನಮ್ಮ ನೆಲದ ರೀತಿ. ಪುತ್ತೂರು, ಸುಳ್ಯ ಮತ್ತು ಅವುಗಳ ಗ್ರಾಮಗಳಿಂದಲೇ ರೂಪುಗೊಂಡ ಕಡಬದಲ್ಲಿ ಬಯಲುಸೀಮೆಯ ಹಾಗೆ ಮನೆಗೆ ಮನೆ ತಾಗಿದ ಊರುಗಳು ಕಡಿಮೆ. ಅಡಿಕೆಗೆ ನೀರು ಬೇಕು, ಆದ್ದರಿಂದ ತೋಟ ತೋಡಿನ ಬದಿಯಲ್ಲಿ, ಮನೆ ತೋಟದ ಬದಿಯಲ್ಲಿ, ಎರಡೂ ತಗ್ಗಿನಲ್ಲಿ. ಮೊಬೈಲ್ ಸಿಗ್ನಲ್ ಬಹುಮಟ್ಟಿಗೆ ನೇರ ಸಾಗುವಂಥದ್ದು, ನಡುವೆ ಗುಡ್ಡ ಬಂದರೆ ಅದರ ಹಿಂದೆ ನೆರಳು ಬೀಳುತ್ತದೆ. ಮಳೆಯಲ್ಲಿ ತೊಯ್ದ ಅಡಿಕೆ, ರಬ್ಬರ್ ಮರಗಳ ಎಲೆಗಳೂ ಅದನ್ನು ಹೀರುತ್ತವೆ. ಕರೆಂಟ್ ಹೋಗಿ ಟವರಿನ ಬ್ಯಾಟರಿ ಮುಗಿದರೆ ಇದ್ದ ಸಿಗ್ನಲ್ಲೂ ಇಲ್ಲ. ನೆಟ್‌ವರ್ಕ್ ಇಲ್ಲದ ದೇಶದ 24,680 ಹಳ್ಳಿಗಳಿಗೆ 4ಜಿ ಕೊಡಲು ಕೇಂದ್ರ ಸರಕಾರ 2022ರ ಜುಲೈಯಲ್ಲಿ ಬಿಎಸ್‌ಎನ್‌ಎಲ್ ಮೂಲಕ ದೊಡ್ಡ ಯೋಜನೆಯನ್ನೇ ಮಂಜೂರು ಮಾಡಿತು. ಟವರ್ ಬೇಕೇ ಬೇಕು, ಆದರೆ ಹೊಸ ಟವರ್ ಬಂದರೂ ಗುಡ್ಡದ ಹಿಂದಿನ ಮನೆ ಗುಡ್ಡದ ಹಿಂದೆಯೇ ಇರುತ್ತದೆ.

ನಮ್ಮ ವಿದ್ಯಾರ್ಥಿಗಳಲ್ಲಿ ಹಲವರ ಕಷ್ಟ ಇದಕ್ಕಿಂತ ಬೇರೆ. ಐದು ಸೆಂಟ್ಸ್ ಜಾಗದಲ್ಲಿ, ರಸ್ತೆಗೆ ಹತ್ತಿರ, ಕಾಲನಿಗಳಲ್ಲಿ ವಾಸಿಸುವ ಕೂಲಿ ಕುಟುಂಬಗಳು ಇವು. ಅಲ್ಲಿ ಸಿಗ್ನಲ್ ಇದೆ. ಆದರೆ ಮನೆಗೆ ಒಂದೇ ಫೋನ್, ಅದು ಕೆಲಸಕ್ಕೆ ಹೋಗುವ ಅಣ್ಣನ ಜೊತೆ ಹೋಗುತ್ತದೆ. ರಾತ್ರಿ ಮರಳುವ ಹೊತ್ತಿಗೆ ದಿನದ ಡೇಟಾ ಮುಗಿದಿರುತ್ತದೆ. 2024ರ ಜುಲೈಯಲ್ಲಿ ಖಾಸಗಿ ಕಂಪೆನಿಗಳು ದರ ಏರಿಸಿದ ಮೇಲೆ ಆ ರೀಚಾರ್ಜೂ ಭಾರವಾಗಿದೆ. ಒಬ್ಬರಿಗೆ ತಂತಿ ಬೇಕು, ಇನ್ನೊಬ್ಬರಿಗೆ ಬಿಲ್ ಕಟ್ಟುವ ದಾರಿ ಬೇಕು. ಎರಡಕ್ಕೂ ಮದ್ದು ಒಂದೇ ಎಂದು ಭಾವಿಸಿ ಎಲ್ಲರಿಗೂ ಟ್ಯಾಬ್ ಹಂಚುವುದು ಸುಲಭ, ಆದರೆ ಸಿಮ್ ಖಾಲಿಯಾದ ಟ್ಯಾಬ್‌ನಲ್ಲಿ ಪಾಠ ನಡೆಯುವುದಿಲ್ಲ.

ಕೊನೆಯ ಎರಡು ಕಿಲೋಮೀಟರ್

ಗ್ರಾಮ ಪಂಚಾಯತ್‌ಗಳಿಗೆ ಫೈಬರ್ ಎಳೆಯುವ ಯೋಜನೆಗೆ ಕೇಂದ್ರ ಸಂಪುಟ ಒಪ್ಪಿದ್ದು 2011ರ ಅಕ್ಟೋಬರ್‌ನಲ್ಲಿ. ಭಾರತ್‌ನೆಟ್ ಎಂಬ ಹೆಸರು ಬಂದದ್ದು ಬಳಿಕ. ದೇಶದ ಸುಮಾರು 2.5 ಲಕ್ಷ ಪಂಚಾಯತ್‌ಗಳನ್ನು ಜೋಡಿಸುವ ಗುರಿ ಅದರದು. ತಂತಿ ಪಂಚಾಯತ್ ಕಚೇರಿಗೆ ಬಂದು ನಿಲ್ಲುತ್ತದೆ, ಅಲ್ಲಿಂದ ಮನೆಗೆ ಮುಟ್ಟಿಸುವವರು ಬೇರೆ.

ತಂತ್ರಜ್ಞಾನದ ಅಡ್ಡಿ ಇಲ್ಲಿ ಕಡಿಮೆ. ಕೂದಲೆಳೆಯಷ್ಟು ಸಪೂರದ ಗಾಜಿನ ಎಳೆಯಲ್ಲಿ ಬೆಳಕು ಹರಿಯುತ್ತದೆ. ಒಂದೇ ಎಳೆಯನ್ನು ಸ್ಪ್ಲಿಟರ್ ಎಂಬ ಸಣ್ಣ ಉಪಕರಣದಿಂದ 32 ಅಥವಾ 64 ಮನೆಗಳಿಗೆ ಹಂಚಬಹುದು. ಎಕ್ಸ್‌ಚೇಂಜಿನಿಂದ 20 ಕಿ.ಮೀ. ದೂರದವರೆಗೂ ಅದು ಕೆಲಸ ಮಾಡುತ್ತದೆ. ಅಂದರೆ ಸುಬ್ರಹ್ಮಣ್ಯ ಅಥವಾ ಬೆಳ್ಳಾರೆಯ ಒಳಭಾಗದ ಮನೆ ತೀರಾ ದೂರವೇನಲ್ಲ. ದುಡ್ಡು ಹೋಗುವುದು ಕಂಬಕ್ಕೆ, ಕೇಬಲಿಗೆ, ಕೆಲಸದವರಿಗೆ. ಬಯಲಿನ ಊರಲ್ಲಿ ಒಂದು ಕಿ.ಮೀ. ಕೇಬಲ್ ಎಳೆದರೆ ಹತ್ತಾರು ಗಿರಾಕಿಗಳು, ನಮ್ಮಲ್ಲಿ ಕೆಲವೆಡೆ ನಾಲ್ಕೈದು ಮನೆ. ಬಿಎಸ್‌ಎನ್‌ಎಲ್ ತನ್ನ ಫೈಬರ್ ಸೇವೆಯನ್ನು ಹಳ್ಳಿಗಳಲ್ಲಿ ಹೆಚ್ಚಾಗಿ ಸ್ಥಳೀಯ ಪಾಲುದಾರರ ಮೂಲಕ ಕೊಡುತ್ತದೆ, ಬಿಲ್ಲಿನ ಒಂದು ಪಾಲು ಅವರಿಗೆ. ಟಿವಿ ಕೇಬಲ್ ನಡೆಸುತ್ತಿದ್ದವರೂ ಅವರಲ್ಲಿದ್ದಾರೆ. ಅವರು ಮನೆಗಳನ್ನು ಎಣಿಸದೆ ಕಂಬ ನೆಡುವುದಿಲ್ಲ, ನೆಡಿ ಎಂದು ಹೇಳುವುದು ನ್ಯಾಯವೂ ಅಲ್ಲ.

ಆದ್ದರಿಂದ ಒಬ್ಬರೇ ಹೋಗಿ ಕೇಳುವುದಕ್ಕಿಂತ ಹತ್ತು ಮನೆಯವರು ಒಟ್ಟಿಗೆ ಹೋಗಿ ಕೇಳಿದರೆ ಉತ್ತರ ಬದಲಾಗುತ್ತದೆ. ಇದಕ್ಕೆ ಜಮಾಅತ್ ಮಾತ್ರ ಸಾಲದು. ಕೇಬಲ್ ಬರುವುದು ನೆರೆಯ ಗೌಡರ, ಭಟ್ಟರ, ಪೂಜಾರಿಗಳ ತೋಟದ ಬದಿಯಿಂದ, ಅವರ ಮಕ್ಕಳಿಗೂ ಅದು ಬೇಕು. ಬೇಡಿಕೆಯ ಪಟ್ಟಿಯನ್ನು ಒಟ್ಟಿಗೇ ಬರೆಯಬೇಕು, ಗ್ರಾಮಸಭೆಯಲ್ಲಿ ಅದನ್ನು ನಿರ್ಣಯವಾಗಿ ದಾಖಲಿಸಬೇಕು. 2023ರ ಆಗಸ್ಟ್‌ನಲ್ಲಿ ಸುಮಾರು 1.39 ಲಕ್ಷ ಕೋಟಿ ರೂಪಾಯಿಯ ಪರಿಷ್ಕೃತ ಭಾರತ್‌ನೆಟ್ ಯೋಜನೆಗೆ ಒಪ್ಪಿಗೆ ಸಿಕ್ಕಿತು. 1.5 ಕೋಟಿ ಗ್ರಾಮೀಣ ಮನೆ ಸಂಪರ್ಕ ಅದರ ಗುರಿ. ಪಂಚಾಯತ್ ಕೇಂದ್ರವಲ್ಲದ ಹಳ್ಳಿಗಳಿಗೆ ಬೇಡಿಕೆ ಬಂದರೆ ಸಂಪರ್ಕ ಕೊಡುವುದಾಗಿ ಅದರಲ್ಲಿದೆ. ಬೇಡಿಕೆ ಲಿಖಿತವಾಗಿ ಇಲ್ಲದಿದ್ದರೆ ಅದು ಲೆಕ್ಕಕ್ಕೆ ಬರುವುದಿಲ್ಲ.

ಅದೇ ಯೋಜನೆಯಲ್ಲಿ ನಮಗೆ ಉಪಯುಕ್ತವಾದ ಇನ್ನೊಂದು ಅಂಶವೂ ಇದೆ. ಒಂದೇ ಸಾಲಾಗಿ ಎಳೆದ ಕೇಬಲಿನ ಮೇಲೆ ಜುಲೈ ತಿಂಗಳ ಗಾಳಿಗೆ ಮರ ಬಿದ್ದರೆ ಅಲ್ಲಿಂದಾಚೆಯ ಎಲ್ಲ ಪಂಚಾಯತ್‌ಗಳೂ ಕತ್ತಲೆಗೆ ಬೀಳುತ್ತವೆ. ಪರಿಷ್ಕೃತ ಯೋಜನೆಯಲ್ಲಿ ಕೇಬಲನ್ನು ಉಂಗುರದ ಹಾಗೆ ಸುತ್ತಿಸಿ ತರುವ ಕ್ರಮವಿದೆ. ಒಂದು ಕಡೆ ತುಂಡಾದರೆ ಇನ್ನೊಂದು ಕಡೆಯಿಂದ ಸಂಪರ್ಕ ಉಳಿಯುತ್ತದೆ.

ಸಿಡಿಲಿನ ಬಗ್ಗೆ ಒಂದು ಮಾತು. ಗಾಜಿನ ಎಳೆ ವಿದ್ಯುತ್ತನ್ನು ಒಯ್ಯುವುದಿಲ್ಲ. ಆದರೆ ಮೋಡೆಮಿನ ಅಡಾಪ್ಟರ್ ಗೋಡೆಯ ಪ್ಲಗ್ಗಿನಲ್ಲಿರುತ್ತದೆ, ಸಿಡಿಲು ಆ ದಾರಿಯಿಂದ ಬಂದು ಅದನ್ನು ಸುಡಬಲ್ಲದು. ಗುಡುಗು ಕೇಳಿದ ಕೂಡಲೇ ಪ್ಲಗ್ ತೆಗೆಯಿರಿ. ಮೋಡೆಮಿಗೆಂದೇ ಸಿಗುವ 12 ವೋಲ್ಟಿನ ಸಣ್ಣ ಬ್ಯಾಟರಿ ಇಟ್ಟುಕೊಂಡರೆ ಕರೆಂಟ್ ಇಲ್ಲದಾಗಲೂ ಪಾಠ ನಿಲ್ಲುವುದಿಲ್ಲ.

ಒಂದು ಸಂಪರ್ಕ, ಹಲವು ಮಕ್ಕಳು

ಪ್ರತಿ ಮನೆಗೆ ಫೈಬರ್ ಬರುವವರೆಗೆ ಕಾಯಲು ಈ ವರ್ಷ ಎಸೆಸೆಲ್ಸಿ, ಪಿಯುಸಿಯಲ್ಲಿರುವವರಿಗೆ ಸಮಯವಿಲ್ಲ. ಅವರಿಗೆ ಊರಿನಲ್ಲೊಂದು ಅಧ್ಯಯನ ಕೊಠಡಿ ಬೇಕು. ಲೆಕ್ಕ ಹೀಗಿದೆ. ತಿಂಗಳಿಗೆ 400 ರೂಪಾಯಿಯ ಒಂದು ಫೈಬರ್ ಯೋಜನೆ ಎಂದಿಟ್ಟುಕೊಳ್ಳಿ. 18 ಶೇಕಡಾ ಜಿಎಸ್‌ಟಿ ಸೇರಿ 472 ರೂಪಾಯಿ, ವರ್ಷಕ್ಕೆ 5,664 ರೂಪಾಯಿ. ಕೂಲಿ ಮಾಡುವ ಒಂದು ಮನೆಗೆ ಇದು ದೊಡ್ಡ ಹೊರೆ. ಇಪ್ಪತ್ತು ಮಕ್ಕಳು ಕೂರುವ ಕೊಠಡಿಗಾದರೆ ಒಬ್ಬರಿಗೆ ತಿಂಗಳಿಗೆ 24 ರೂಪಾಯಿಯೂ ಆಗುವುದಿಲ್ಲ. ಬೆಳಗ್ಗೆ ಮಾತ್ರ ನಡೆಯುವ ಮದ್ರಸದ ಕೊಠಡಿ ಸಂಜೆ ಖಾಲಿ ಇರುವ ಊರುಗಳಿವೆ. ಪಂಚಾಯತ್ ಗ್ರಂಥಾಲಯಗಳೂ ಈಗ ಅರಿವು ಕೇಂದ್ರಗಳಾಗಿವೆ. ಹತ್ತಿರದ ಅರಿವು ಕೇಂದ್ರದಲ್ಲಿ ಕಂಪ್ಯೂಟರ್ ಇದ್ದು, ಸಂಜೆ ಬಾಗಿಲು ತೆರೆದಿಡುವವರು ಬೇಕಾಗಿದ್ದರೆ ಹೊಸ ಕೊಠಡಿ ಕಟ್ಟುವ ಬದಲು ಅಲ್ಲಿಗೇ ಸಹಕರಿಸುವುದು ಮೇಲು.

ಇನ್ನೊಂದು ದಾರಿ 2020ರ ಡಿಸೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ-ವಾಣಿ. ಚಿಕ್ಕ ಅಂಗಡಿಯವರೂ ತಮ್ಮ ಸಂಪರ್ಕದಿಂದ ವೈಫೈಯನ್ನು ಸಣ್ಣ ಸಣ್ಣ ಪ್ಯಾಕುಗಳಾಗಿ ಮಾರಬಹುದು, ಅದಕ್ಕೆ ಲೈಸೆನ್ಸ್ ಬೇಡ. ಇದರಿಂದ ಹೊರಗೆ, ಮನೆಯ ಇಂಟರ್ನೆಟ್ಟನ್ನು ಅಕ್ಕಪಕ್ಕದವರಿಗೆ ದುಡ್ಡಿಗೆ ಹಂಚಲು ಅನುಮತಿ ಇಲ್ಲ ಎಂಬುದು ಗೊತ್ತಿರಲಿ. ಈ ಅಂಗಡಿಯವರಿಗೆ ಕಂಪೆನಿಗಳು ದುಬಾರಿ ವಾಣಿಜ್ಯ ದರ ಹಾಕುತ್ತಿದ್ದುದರಿಂದ ಯೋಜನೆ ಕುಂಟುತ್ತಿತ್ತು. 2025ರ ಜೂನ್‌ನಲ್ಲಿ ಟ್ರಾಯ್, 200 ಎಂಬಿಪಿಎಸ್ ವರೆಗಿನ ಸಂಪರ್ಕಕ್ಕೆ ಮನೆಯ ದರದ ಎರಡು ಪಟ್ಟಿಗಿಂತ ಹೆಚ್ಚು ತೆಗೆದುಕೊಳ್ಳಬಾರದೆಂದು ಮಿತಿ ಹಾಕಿತು. ಕಾಲನಿ ಬದಿಯ ದಿನಸಿ ಅಂಗಡಿಗೆ ಇದು ಈಗ ಲೆಕ್ಕ ಹಾಕಿ ನೋಡಬಹುದಾದ ಕೆಲಸ.

ಸುಳ್ಯದ ಗಡಿಯಾಚೆ ಕೇರಳ ಬೇರೆ ದಾರಿ ಹಿಡಿದಿದೆ. ಅಲ್ಲಿನ ಸರಕಾರ ವಿದ್ಯುತ್ ಮಂಡಳಿಯ ಕಂಬಗಳ ಮೇಲೆ ತನ್ನದೇ ಫೈಬರ್ ಎಳೆದು 2023ರ ಜೂನ್ 5ರಂದು ಕೆ-ಫೋನ್ ಆರಂಭಿಸಿತು. 20 ಲಕ್ಷ ಬಡ ಕುಟುಂಬಗಳಿಗೆ ಉಚಿತ ಸಂಪರ್ಕ ಎಂಬುದು ಘೋಷಿತ ಗುರಿ, ಮೊದಲ ಹಂತದಲ್ಲಿ ಪ್ರತಿ ವಿಧಾನಸಭಾ ಕ್ಷೇತ್ರದಲ್ಲಿ 100 ಮನೆ. ಗುರಿಗೂ ಮೊದಲ ಹಂತಕ್ಕೂ ಇರುವ ಅಂತರ ಕಂಡರೆ ಕೆಲಸ ಎಷ್ಟು ನಿಧಾನ ಎಂದು ತಿಳಿಯುತ್ತದೆ. ಆದರೂ ಕಂಬ ಸರಕಾರದ್ದಾದರೆ ದರ ಇಳಿಯುತ್ತದೆ ಎಂಬುದಕ್ಕೆ ಅದೊಂದು ಉದಾಹರಣೆ. ನಮ್ಮಲ್ಲಿ ಮೆಸ್ಕಾಂ ಕಂಬಗಳಿವೆ, ಜನಪ್ರತಿನಿಧಿಗಳ ಮುಂದೆ ಇಡಬಹುದಾದ ಬೇಡಿಕೆ ಇದು.

ಹೆಣ್ಣುಮಕ್ಕಳ ಸರದಿ

ಮನೆಯೊಳಗಿನ ಅಂತರವನ್ನು ಬಿಟ್ಟು ಈ ವಿಷಯ ಪೂರ್ತಿಯಾಗುವುದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಮ್ಮೆಯಾದರೂ ಇಂಟರ್ನೆಟ್ ಬಳಸಿದ ಪುರುಷರು 62.4 ಶೇಕಡಾ, ಮಹಿಳೆಯರು 35 ಶೇಕಡಾ. ದೇಶದ ಗ್ರಾಮೀಣ ಮಕ್ಕಳ ಬಗೆಗಿನ 2024ರ ಅಸರ್ ವರದಿಯಲ್ಲಿ, ಸ್ಮಾರ್ಟ್‌ಫೋನ್ ಬಳಸಲು ಬಲ್ಲ 14ರಿಂದ 16 ವಯಸ್ಸಿನವರ ಪೈಕಿ ಸ್ವಂತ ಫೋನ್ ಇದ್ದ ಹುಡುಗರು 36.2 ಶೇಕಡಾ, ಹುಡುಗಿಯರು 26.9 ಶೇಕಡಾ.

ಹೆಣ್ಣುಮಕ್ಕಳ ಕೈಗೆ ಫೋನ್ ಬೇಡ ಎನ್ನುವ ಹೆತ್ತವರ ಭಯ ನಮಗೆ ಅರ್ಥವಾಗುತ್ತದೆ, ವಂಚನೆಯ ಕರೆ, ಕೆಟ್ಟ ಜಾಲಗಳು ಇರುವುದು ನಿಜ. ಆದರೆ ಬೇಡ ಎಂಬ ಒಂದು ಮಾತಿನಲ್ಲಿ ಮಗಳ ಸಿಇಟಿ ಆಯ್ಕೆಯೂ ವಿದ್ಯಾರ್ಥಿವೇತನವೂ ಬೇರೆಯವರ ಕೈಗೆ ಹೋಗುತ್ತವೆ. 2019ರ ಸೆಪ್ಟೆಂಬರ್‌ನಲ್ಲಿ ಫಹೀಮಾ ಶಿರಿನ್ ಪ್ರಕರಣದಲ್ಲಿ ಕೇರಳ ಹೈಕೋರ್ಟ್ ಇಂಟರ್ನೆಟ್ ಬಳಕೆಯನ್ನು ಶಿಕ್ಷಣದ ಹಕ್ಕಿನ ಭಾಗವೆಂದು ಹೇಳಿತು. ಹಾಸ್ಟೆಲಿನಲ್ಲಿ ಸಂಜೆ ಮೊಬೈಲ್ ಬಳಸಬಾರದೆಂಬ ನಿಯಮವನ್ನು ಪ್ರಶ್ನಿಸಿದ್ದ ಕಾಲೇಜು ವಿದ್ಯಾರ್ಥಿನಿ ಅವರು. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್ ಕೂಡ ಡಿಜಿಟಲ್ ಸೇವೆಗಳನ್ನು ಪಡೆಯುವುದು ಬದುಕುವ ಹಕ್ಕಿನೊಳಗೇ ಸೇರುತ್ತದೆ ಎಂದಿದೆ. ಮನೆಯಲ್ಲಿ ಒಪ್ಪಿಗೆ ಇಲ್ಲದ ಹುಡುಗಿಗೆ ಎಲ್ಲರ ಕಣ್ಣಮುಂದಿರುವ ಅಧ್ಯಯನ ಕೊಠಡಿ, ಅಲ್ಲೊಬ್ಬ ಶಿಕ್ಷಕಿ, ಮಗ್ರಿಬ್‌ಗೆ ಮೊದಲು ಮನೆ ಸೇರುವ ಸಮಯ, ಇಷ್ಟು ಸಾಕಾಗಬಹುದು. ಸಮಯದ ಪಟ್ಟಿಯಲ್ಲಿ ಹುಡುಗಿಯರ ಗಂಟೆಗಳನ್ನು ಮೊದಲು ಬರೆಯಬೇಕು, ಉಳಿದದ್ದು ಹುಡುಗರಿಗೆ. ತಿರುಗಾಮುರುಗಾ ಮಾಡಿದರೆ ಉಳಿಯುವುದೇನೆಂದು ಎಲ್ಲರಿಗೂ ಗೊತ್ತು.

ದಾನಿಗಳಲ್ಲಿ ಒಂದು ಮಾತು. ಬಾವಿ, ಕಟ್ಟಡ, ಫ್ಯಾನು ಕೊಟ್ಟರೆ ಅದರ ಮೇಲೆ ಹೆಸರು ಬರೆಯಬಹುದು, ತಿಂಗಳ ಬಿಲ್ಲಿನ ಮೇಲೆ ಬರೆಯಲಾಗದು. ಅದಕ್ಕೇ ಏನೋ, ಕಂಪ್ಯೂಟರ್ ಕೊಡುವವರು ಸಿಗುತ್ತಾರೆ, ಮೂರನೆಯ ವರ್ಷದ ಬಿಲ್ ಕಟ್ಟುವವರು ಸಿಗುವುದಿಲ್ಲ. ಸದಖತುನ್ ಜಾರಿಯಾ ಎಂದರೆ ಹರಿಯುತ್ತಲೇ ಇರುವ ದಾನ. ಹಾಗೆ ನೋಡಿದರೆ ನಿಲ್ಲದೆ ನಡೆಯುವ ಒಂದು ಸಂಪರ್ಕ ಆ ಹೆಸರಿಗೆ ಹತ್ತಿರದ್ದೇ. ಝಕಾತ್ ಹಣ ಅರ್ಹ ವ್ಯಕ್ತಿಗೇ ಸೇರಬೇಕಾದ್ದರಿಂದ ಎಲ್ಲರೂ ಬಳಸುವ ಕೊಠಡಿಯ ಬಿಲ್ಲಿಗೆ ಸದಖಾ ಹಣವನ್ನೇ ಕೊಡಿ, ಸಂಶಯವಿದ್ದರೆ ನಿಮ್ಮ ಊರಿನ ಖತೀಬರನ್ನು ಕೇಳಿ. ಕೊಡುವಾಗ ಮೂರು ವರ್ಷದ ಬಿಲ್, ಬ್ಯಾಟರಿ ಮತ್ತು ಒಮ್ಮೆ ಮೋಡೆಮ್ ಬದಲಿಸುವ ಖರ್ಚು ಸೇರಿಸಿ ಕೊಡಿ.

ಹೆತ್ತವರ ಗಮನಕ್ಕೆ: ಈ ಬಾರಿಯ ಅರ್ಜಿ ನಮೂನೆಯ ಕೊನೆಯ ಪುಟದಲ್ಲಿ ನಾಲ್ಕು ಹೊಸ ಪ್ರಶ್ನೆಗಳಿವೆ. ಮನೆಯಲ್ಲಿ ಎಷ್ಟು ಫೋನ್, ಓದುವ ಮಗುವಿಗೆ ಅದು ದಿನಕ್ಕೆ ಎಷ್ಟು ಹೊತ್ತು ಸಿಗುತ್ತದೆ, ಮನೆಯೊಳಗೆ ಸಿಗ್ನಲ್ ಇದೆಯೇ, ಹತ್ತಿರದ ಫೈಬರ್ ಕಂಬ ಎಲ್ಲಿದೆ. ಫೋನ್ ಇದೆ ಎಂದು ಬರೆದರೆ ಸಹಾಯ ತಪ್ಪುತ್ತದೆ, ಇಲ್ಲ ಎಂದರೆ ಮರ್ಯಾದೆ ಹೋಗುತ್ತದೆ ಎಂದು ಯೋಚಿಸಬೇಡಿ. ಈ ಉತ್ತರಗಳನ್ನು ನೋಡಿ ಯಾರ ಅರ್ಜಿಯನ್ನೂ ತಿರಸ್ಕರಿಸುವುದಿಲ್ಲ. ಯಾವ ಊರಿನಲ್ಲಿ ಎಷ್ಟು ಮನೆಗಳ ಪಟ್ಟಿ ಹಿಡಿದುಕೊಂಡು ಕೇಬಲಿನವರ ಬಳಿ ಹೋಗಬೇಕು ಎಂಬುದನ್ನು ಅದರಿಂದಲೇ ತೀರ್ಮಾನಿಸಲಿದ್ದೇವೆ. ಆದ್ದರಿಂದ ಆ ಪುಟವನ್ನು ಖಾಲಿ ಬಿಡಬೇಡಿ. ಅರ್ಜಿಯನ್ನು ಕಾಗದದಲ್ಲಿ ಬರೆದು ಕೊಟ್ಟರೂ ಸ್ವೀಕರಿಸಲಾಗುವುದು.