ಪ್ರಾರ್ಥನೆಯೇ ಪ್ರಮಾಣವಾದ ಸಭೆ: ಆಂಗ್ಲಿಕನರ ಪಂಗಡಗಳು, ಭಕ್ತಿಜೀವನ

ಇಂಗ್ಲೆಂಡಿನಲ್ಲಿ ಹುಟ್ಟಿ, ಇಂದು 40ಕ್ಕೂ ಹೆಚ್ಚು ಸ್ವತಂತ್ರ ಆಡಳಿತದ ಸಭೆಗಳಾಗಿ ಜಗತ್ತಿನ ಹಲವು ಖಂಡಗಳಿಗೆ ಹರಡಿರುವ ಆಂಗ್ಲಿಕನ್ ಪರಂಪರೆಯ ಲಕ್ಷಣವನ್ನು ಒಂದು ಮಾತಿನಲ್ಲಿ ಹೇಳುವುದು ಸುಲಭವಲ್ಲ. ರೋಮನ್ ಕ್ಯಾಥೊಲಿಕರಿಗಿರುವಂತೆ ಅದಕ್ಕೆ ಪೋಪ್ ಇಲ್ಲ. ಕ್ಯಾಂಟರ್ಬರಿಯ ಆರ್ಚ್‌ಬಿಷಪ್ಪರಿಗೆ ಗೌರವದ ಅಗ್ರಸ್ಥಾನವಿದೆಯೇ ಹೊರತು, ಇತರ ದೇಶಗಳ ಸಭೆಗಳಿಗೆ ಅಪ್ಪಣೆ ಕೊಡುವ ಅಧಿಕಾರವಿಲ್ಲ. ಲೂಥರನಂತೆ, ಕ್ಯಾಲ್ವಿನನಂತೆ ಸಿದ್ಧಾಂತವನ್ನು ಕಟ್ಟಿಕೊಟ್ಟ ಒಬ್ಬ ಆಚಾರ್ಯಪುರುಷನೂ ಇಲ್ಲ. 1571ರಲ್ಲಿ ಅಂತಿಮ ರೂಪ ಪಡೆದ 39 ಸೂತ್ರಗಳೆಂಬ ವಿಶ್ವಾಸದ ಪಟ್ಟಿಯೊಂದು ಇದೆಯಾದರೂ ಸಾಮಾನ್ಯ ಭಕ್ತರು ಅದನ್ನು ಓದಿದ್ದು ಕಡಿಮೆ. ಅವರ ನಾಲಿಗೆಯ ಮೇಲೆ ನೆಲೆಸಿದ್ದು ಸಾರ್ವಜನಿಕ ಪ್ರಾರ್ಥನಾ ಪುಸ್ತಕ, ಅಂದರೆ ಬುಕ್ ಆಫ್ ಕಾಮನ್ ಪ್ರೇಯರ್. ಏನನ್ನು ನಂಬಬೇಕೆಂದು ವಿಧಿಸುವುದಕ್ಕಿಂತ ಹೇಗೆ ಪ್ರಾರ್ಥಿಸಬೇಕೆಂದು ಕಲಿಸುವುದರಲ್ಲಿ ಈ ಸಭೆ ತನ್ನ ಏಕತೆಯನ್ನು ಕಂಡುಕೊಂಡಿತು. ಆದ್ದರಿಂದಲೇ ಅದರ ಒಳಜಗಳಗಳೂ ಬಹುಮಟ್ಟಿಗೆ ಪ್ರಾರ್ಥನೆಯ ರೀತಿನೀತಿಗಳ ಮೇಲೆ, ಮೊಣಕಾಲೂರುವುದು, ಮೇಣದಬತ್ತಿ ಹಚ್ಚುವುದು, ಪಾದ್ರಿ ಮೇಜಿನ ಯಾವ ಬದಿಯಲ್ಲಿ ನಿಲ್ಲುವುದು ಎಂಬ ವಿಷಯಗಳ ಮೇಲೆ ನಡೆದವು.

ಈ ಸಭೆಯ ಹುಟ್ಟು ರಾಜಕಾರಣದಲ್ಲಿತ್ತು. ರಾಣಿ ಕ್ಯಾಥರೀನಳೊಂದಿಗಿನ ವಿವಾಹವನ್ನು ಪೋಪ್ ಅಸಿಂಧುಗೊಳಿಸದಿದ್ದಾಗ, ಎಂಟನೆಯ ಹೆನ್ರಿ 1534ರಲ್ಲಿ ಶಾಸನದ ಮೂಲಕ ತಾನೇ ಇಂಗ್ಲೆಂಡಿನ ಸಭೆಯ ಮುಖ್ಯಸ್ಥನಾದನು. ಆದರೆ ಆರಾಧನೆ ಬದಲಾದದ್ದು ಅವನ ಮಗ ಆರನೆಯ ಎಡ್ವರ್ಡನ ಕಾಲದಲ್ಲಿ, ಆರ್ಚ್‌ಬಿಷಪ್ ಥಾಮಸ್ ಕ್ರ್ಯಾನ್ಮರನ ಕೈಯಿಂದ. ಕ್ರ್ಯಾನ್ಮರ್ 1549ರಲ್ಲಿ ಲ್ಯಾಟಿನ್ ಆರಾಧನೆಯ ಸ್ಥಾನದಲ್ಲಿ ಇಂಗ್ಲಿಷ್ ಪ್ರಾರ್ಥನಾ ಪುಸ್ತಕವೊಂದನ್ನು ಜಾರಿಗೆ ತಂದನು. ಸುಧಾರಣೆ ಸಾಲದೆಂಬ ಒತ್ತಡಕ್ಕೆ ಮಣಿದು 1552ರಲ್ಲಿ ಅದನ್ನೇ ಇನ್ನಷ್ಟು ಪ್ರಾಟೆಸ್ಟಂಟ್ ದಿಕ್ಕಿಗೆ ತಿದ್ದಿದನು. ಕ್ಯಾಥೊಲಿಕ್ ರಾಣಿ ಮೇರಿಯ ಆಳ್ವಿಕೆಯಲ್ಲಿ, 1556ರಲ್ಲಿ, ಆಕ್ಸ್‌ಫರ್ಡಿನಲ್ಲಿ ಅವನನ್ನು ಸಜೀವವಾಗಿ ಸುಡಲಾಯಿತು.

ಅವನ ಎರಡು ಪುಸ್ತಕಗಳ ನಡುವಿನ ಅಂತರ ಪ್ರಭುಭೋಜನದ ಒಂದೇ ಒಂದು ಘಳಿಗೆಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಯೇಸು ತನ್ನ ಶಿಷ್ಯರೊಂದಿಗೆ ಮಾಡಿದ ಕಡೆಯ ಊಟದ ನೆನಪಿಗಾಗಿ ರೊಟ್ಟಿ ಮತ್ತು ದ್ರಾಕ್ಷಾರಸವನ್ನು ಹಂಚಿಕೊಳ್ಳುವ ಈ ಸಂಸ್ಕಾರದಲ್ಲಿ, 1549ರ ಪುಸ್ತಕದ ಪ್ರಕಾರ ಪಾದ್ರಿಯು ರೊಟ್ಟಿಯನ್ನು ಕೊಡುವಾಗ ಅದನ್ನು ಕ್ರಿಸ್ತನ ಶರೀರವೆಂದೇ ಹೆಸರಿಸಿ, ಅದು ಸ್ವೀಕರಿಸುವವನ ಆತ್ಮವನ್ನು ಕಾಪಾಡಲಿ ಎಂದು ಹರಸುತ್ತಿದ್ದನು. 1552ರ ಪುಸ್ತಕ ಆ ವಾಕ್ಯವನ್ನು ತೆಗೆದುಹಾಕಿ, ಕ್ರಿಸ್ತನು ಸತ್ತದ್ದನ್ನು ನೆನೆದು ಇದನ್ನು ತಿನ್ನು ಎಂಬರ್ಥದ ಮಾತನ್ನಷ್ಟೇ ಇರಿಸಿತು. ಒಂದರಲ್ಲಿ ಕ್ರಿಸ್ತನ ಸಾನ್ನಿಧ್ಯ, ಇನ್ನೊಂದರಲ್ಲಿ ಸ್ಮರಣೆ. ಮೊದಲನೆಯ ಎಲಿಜಬೆತ್ ಪಟ್ಟಕ್ಕೆ ಬಂದ ಮೇಲೆ ಹೊರಟ 1559ರ ಪುಸ್ತಕ ಈ ಎರಡರಲ್ಲಿ ಯಾವುದನ್ನೂ ಆಯ್ದುಕೊಳ್ಳದೆ, ಎರಡೂ ವಾಕ್ಯಗಳನ್ನು ಒಂದರ ಹಿಂದೆ ಒಂದರಂತೆ ಜೋಡಿಸಿಟ್ಟಿತು. ಒಂದೇ ಕಟಕಟೆಯ ಮುಂದೆ ಅಕ್ಕಪಕ್ಕದಲ್ಲಿ ಮೊಣಕಾಲೂರಿದ ಇಬ್ಬರು ತಮತಮಗೆ ಒಪ್ಪುವ ಅರ್ಧವನ್ನು ಮನಸ್ಸಿಗೆ ತೆಗೆದುಕೊಂಡು, ಒಂದೇ ರೊಟ್ಟಿಯನ್ನು ಪಡೆದು ಎದ್ದುಹೋಗಬಹುದಿತ್ತು. ಅಂತರ್ಯುದ್ಧದ ಕಾಲದಲ್ಲಿ ನಿಷೇಧಕ್ಕೊಳಗಾದ ಪುಸ್ತಕ ರಾಜಪ್ರಭುತ್ವದೊಂದಿಗೆ ಮರಳಿ 1662ರಲ್ಲಿ ಸ್ಥಿರರೂಪ ಪಡೆದಾಗಲೂ ಈ ಜೋಡಣೆ ಉಳಿಯಿತು. ಆದರೆ ಹೊಂದಾಣಿಕೆಗೆ ಮಿತಿಯೂ ಇತ್ತು: ಪುಸ್ತಕವನ್ನು ಪೂರ್ತಿ ಒಪ್ಪಬೇಕೆಂಬ ಕಾನೂನಿಗೆ ತಲೆಬಾಗದ ಸುಮಾರು 2,000 ಪಾದ್ರಿಗಳು ಆ ಹೊತ್ತಿನ ವರ್ಷಗಳಲ್ಲಿ ತಮ್ಮ ಸ್ಥಾನಗಳನ್ನು ಕಳೆದುಕೊಂಡರು.

ದಿನನಿತ್ಯದ ಭಕ್ತಿಯ ವಿಷಯದಲ್ಲಿ ಕ್ರ್ಯಾನ್ಮರನ ಕೊಡುಗೆ ಇನ್ನೂ ದೊಡ್ಡದು. ಮಠಗಳಲ್ಲಿ ಸಂನ್ಯಾಸಿಗಳು ಹಗಲು ರಾತ್ರಿಯ ಬೇರೆಬೇರೆ ಜಾವಗಳಲ್ಲಿ ಸಲ್ಲಿಸುತ್ತಿದ್ದ ಪ್ರಾರ್ಥನೆಗಳನ್ನು ಅವನು ಬೆಳಗಿನ ಮ್ಯಾಟಿನ್ಸ್ ಮತ್ತು ಸಂಜೆಯ ಈವನ್‌ಸಾಂಗ್ ಎಂಬ ಎರಡು ಆರಾಧನೆಗಳಿಗೆ ಇಳಿಸಿ, ಊರಿನ ಜನಸಾಮಾನ್ಯರಿಗೂ ಎಟುಕುವಂತೆ ಮಾಡಿದನು. ಬೈಬಲಿನ 150 ಕೀರ್ತನೆಗಳನ್ನು 30 ದಿನಗಳ ಬೆಳಗು ಸಂಜೆಗಳಿಗೆ ಹಂಚಲಾಯಿತು, ಹೀಗಾಗಿ ತಿಂಗಳಿಗೊಮ್ಮೆ ಇಡೀ ಕೀರ್ತನೆಗಳ ಗ್ರಂಥ ಪಾರಾಯಣವಾಗುತ್ತದೆ. ಈ ಕ್ರಮವನ್ನು ಬಿಡದೆ ಪಾಲಿಸುವ ಗಾಯಕವೃಂದಗಳಿಗೆ ತಿಂಗಳ 15ನೆಯ ಸಂಜೆ ಪರೀಕ್ಷೆಯಂತೆಯೇ ಸರಿ, ಏಕೆಂದರೆ ಅಂದು 73 ವಚನಗಳ 78ನೆಯ ಕೀರ್ತನೆಯನ್ನು ಒಂದೇ ಪಟ್ಟಿಗೆ ಹಾಡಿ ಮುಗಿಸಬೇಕು. ದೊಡ್ಡ ಕತೀಡ್ರಲ್‌ಗಳಲ್ಲಿ ಗಾಯಕರು ಎದುರುಬದುರಾಗಿ ಎರಡು ಸಾಲುಗಳಲ್ಲಿ ನಿಂತು, ಒಂದು ಸಾಲು ಒಂದು ವಚನವನ್ನು ಹಾಡಿದರೆ ಇನ್ನೊಂದು ಸಾಲು ಮುಂದಿನದನ್ನು ಎತ್ತಿಕೊಳ್ಳುತ್ತದೆ. ಈವನ್‌ಸಾಂಗ್‌ನಲ್ಲಿ ಹಳೆಯ ಒಡಂಬಡಿಕೆಯ ಪಾಠದ ನಂತರ ಮರಿಯಳ ಸ್ತುತಿಗೀತೆ, ಹೊಸ ಒಡಂಬಡಿಕೆಯ ಪಾಠದ ನಂತರ ಮುದುಕ ಸಿಮೆಯೋನನ ಗೀತೆ, ಕೊನೆಗೆ ಇರುಳಿನ ಅಪಾಯಗಳಿಂದ ಕಾಯಬೇಕೆಂಬ ಚಿಕ್ಕ ಬಿನ್ನಹ. ಹೀಗೆ ಅಂದಂದಿನ ಉದ್ದೇಶವನ್ನು ಒಂದೆರಡು ವಾಕ್ಯಗಳಲ್ಲಿ ಹಿಡಿದಿಡುವ ಬಿನ್ನಹಗಳಿಗೆ ಕಲೆಕ್ಟ್ ಎಂದು ಹೆಸರು. 1926ರಲ್ಲಿ ಬಿಬಿಸಿ ಬಾನುಲಿಯಲ್ಲಿ ಆರಂಭವಾದ ಈವನ್‌ಸಾಂಗ್ ಪ್ರಸಾರ ಇಂದಿಗೂ ನಡೆಯುತ್ತಿದೆ.

ಈ ಒಂದೇ ಪುಸ್ತಕದ ಆಸರೆಯಲ್ಲಿ ಮೂರು ಮನೋಧರ್ಮಗಳು ಬೆಳೆದವು. ಬೈಬಲ್, ಉಪದೇಶ ಮತ್ತು ವೈಯಕ್ತಿಕ ಪರಿವರ್ತನೆಗೆ ಒತ್ತುಕೊಡುವ ಇವಾಂಜೆಲಿಕಲ್ ಪಂಗಡವನ್ನು ಲೋ ಚರ್ಚ್ ಎಂದೂ, ಸಂಸ್ಕಾರಗಳು, ಬಿಷಪ್ಪರ ಅವಿಚ್ಛಿನ್ನ ಪರಂಪರೆ ಮತ್ತು ವಿಧಿವೈಭವಕ್ಕೆ ಬೆಲೆಕೊಡುವ ಪಂಗಡವನ್ನು ಹೈ ಚರ್ಚ್ ಎಂದೂ, ಸಿದ್ಧಾಂತವನ್ನು ಕಾಲದ ತಿಳಿವಳಿಕೆಯ ಬೆಳಕಿನಲ್ಲಿ ಉದಾರವಾಗಿ ಅರ್ಥೈಸಲು ಬಯಸುವವರನ್ನು ಬ್ರಾಡ್ ಚರ್ಚ್ ಎಂದೂ ಕರೆಯುವುದು ವಾಡಿಕೆಯಾಯಿತು. ಮೆಥಡಿಸ್ಟ್ ಚಳವಳಿಯನ್ನು ಹುಟ್ಟುಹಾಕಿದ ಜಾನ್ ವೆಸ್ಲಿ 1791ರಲ್ಲಿ ಸಾಯುವವರೆಗೂ ಆಂಗ್ಲಿಕನ್ ಪಾದ್ರಿಯಾಗಿಯೇ ಇದ್ದನು, ಅವನ ಅನುಯಾಯಿಗಳು ಮಾತ್ರ ಹೊರನಡೆದರು. ಒಳಗೇ ಉಳಿದ ಇವಾಂಜೆಲಿಕಲ್ಲರಲ್ಲಿ ಕೇಂಬ್ರಿಜ್‌ನ ಹೋಲಿ ಟ್ರಿನಿಟಿ ಚರ್ಚಿನಲ್ಲಿ 1782ರಿಂದ 54 ವರ್ಷ ಸೇವೆ ಸಲ್ಲಿಸಿದ ಚಾರ್ಲ್ಸ್ ಸಿಮಿಯನ್ ಪ್ರಮುಖನು. ಅವನ ಉಪದೇಶವನ್ನು ಒಪ್ಪದ ಸಭಿಕರು ತಮ್ಮ ಆಸನಗಳಿಗೆ ಬೀಗ ಹಾಕಿಕೊಂಡು ಹೋದಾಗ, ಕೇಳಲು ಬಂದವರು ನಡುದಾರಿಯಲ್ಲೇ ನಿಲ್ಲಬೇಕಾಯಿತು. ಅವನ ಸಹಾಯಕನಾಗಿದ್ದ ಹೆನ್ರಿ ಮಾರ್ಟಿನ್ ಭಾರತಕ್ಕೆ ಬಂದು ಹೊಸ ಒಡಂಬಡಿಕೆಯನ್ನು ಹಿಂದೂಸ್ತಾನಿಗೆ ಅನುವಾದಿಸಿದನು. ಬೆಳಗಿನ ಏಕಾಂತ ಪ್ರಾರ್ಥನೆ, ಮನೆಮಂದಿಯೆಲ್ಲ ಕೂಡಿ ಮಾಡುವ ಬೈಬಲ್ ಪಠನ, ಮನಮುಟ್ಟುವ ಸ್ತುತಿಗೀತೆಗಳು ಈ ಪಂಗಡದ ಭಕ್ತಿಯ ತಿರುಳು.

ಇದಕ್ಕೆ ಎದುರಾದ ಪ್ರವಾಹ ಆಕ್ಸ್‌ಫರ್ಡಿನಿಂದ ಹೊರಟಿತು. ಸರ್ಕಾರವು ಸಭೆಯನ್ನು ತನ್ನ ಇಲಾಖೆಯಂತೆ ನಡೆಸಿಕೊಳ್ಳುತ್ತಿದೆ ಎಂದು ಆಕ್ಷೇಪಿಸಿ ಜಾನ್ ಕೀಬಲ್ 1833ರ ಜುಲೈ 14ರಂದು ನೀಡಿದ ಉಪದೇಶವನ್ನು ಆಕ್ಸ್‌ಫರ್ಡ್ ಚಳವಳಿಯ ಆರಂಭವೆಂದು ಗಣಿಸುತ್ತಾರೆ. ಅವನು, ಜಾನ್ ಹೆನ್ರಿ ನ್ಯೂಮನ್, ಎಡ್ವರ್ಡ್ ಪ್ಯೂಸಿ ಮುಂತಾದವರು 1841ರವರೆಗೆ ಹೊರತಂದ 90 ಪ್ರಬಂಧಗಳು, ಇಂಗ್ಲೆಂಡಿನ ಸಭೆ ಅಪೊಸ್ತಲರಿಂದ ಇಳಿದುಬಂದ ಕ್ಯಾಥೊಲಿಕ್ ಸಭೆಯ ಭಾಗವೇ ಹೊರತು ಹದಿನಾರನೆಯ ಶತಮಾನದ ಸೃಷ್ಟಿಯಲ್ಲ ಎಂದು ವಾದಿಸಿದವು. 39 ಸೂತ್ರಗಳನ್ನೂ ಕ್ಯಾಥೊಲಿಕ್ ಅರ್ಥದಲ್ಲಿ ಓದಬಹುದೆಂದ ಕೊನೆಯ ಪ್ರಬಂಧ ದೊಡ್ಡ ಕೋಲಾಹಲಕ್ಕೆ ಕಾರಣವಾಯಿತು. ನ್ಯೂಮನ್ 1845ರಲ್ಲಿ ರೋಮನ್ ಸಭೆಯನ್ನು ಸೇರಿದನು. ಉಳಿದವರಿಂದ ಆಂಗ್ಲೋ-ಕ್ಯಾಥೊಲಿಕ್ ಭಕ್ತಿಪರಂಪರೆ ರೂಪುಗೊಂಡಿತು. ಎಂಟನೆಯ ಹೆನ್ರಿ ನಾಶಮಾಡಿದ್ದ ಮಠಜೀವನ ಮರುಹುಟ್ಟು ಪಡೆದು, 1845ರಲ್ಲಿ ಲಂಡನ್ನಿನಲ್ಲಿ ಸಹೋದರಿಯರ ಮಠವೊಂದೂ 1866ರಲ್ಲಿ ಕೌಲಿ ಫಾದರ್ಸ್ ಎಂದು ಹೆಸರಾದ ಸಂನ್ಯಾಸಿಗಳ ಸಂಘವೂ ಸ್ಥಾಪನೆಯಾದವು. ಪಾದ್ರಿಯ ಮುಂದೆ ಖಾಸಗಿಯಾಗಿ ಮಾಡುವ ಪಾಪನಿವೇದನೆ, ಧೂಪ, ಜಪಸರ, ನಾರ್ಫಕ್‌ನ ವಾಲ್ಸಿಂಗಮ್‌ಗೆ ಮಾತೆ ಮರಿಯಳ ಹೆಸರಿನಲ್ಲಿ ಕೈಗೊಳ್ಳುವ ಯಾತ್ರೆ ಒಂದೊಂದಾಗಿ ಮರಳಿದವು.

ಈ ಎರಡು ಪಂಗಡಗಳ ನಡುವಣ ಭೇದವನ್ನು ಚರ್ಚಿನ ಒಳಹೊಕ್ಕ ಯಾರಾದರೂ ಪಾದ್ರಿ ನಿಂತ ಜಾಗದಿಂದಲೇ ತಿಳಿಯಬಹುದಿತ್ತು. ಪ್ರಾರ್ಥನಾ ಪುಸ್ತಕ ಪಾದ್ರಿಯು ಪ್ರಭುಭೋಜನದ ಮೇಜಿನ ಉತ್ತರ ಬದಿಯಲ್ಲಿ ನಿಲ್ಲಬೇಕೆಂದು ವಿಧಿಸಿತ್ತು. ಮೇಜನ್ನು ಚರ್ಚಿನ ನಡುವೆ ಉದ್ದುದ್ದವಾಗಿ ಹಾಕುತ್ತಿದ್ದ ಕಾಲದಲ್ಲಿ ಈ ವಿಧಿ ಸರಳವಾಗಿತ್ತು. ಮೇಜು ಮತ್ತೆ ಪೂರ್ವದ ಗೋಡೆಗೆ ಅಡ್ಡಲಾಗಿ ಸರಿದ ಮೇಲೆ ಅದು ತೊಡಕಾಯಿತು. ಲೋ ಚರ್ಚ್ ಪಾದ್ರಿಗಳು ಅಕ್ಷರಶಃ ಮೇಜಿನ ಉತ್ತರದ ಕಿರುಅಂಚಿಗೆ ಹೋಗಿ ನಿಂತರು, ಅವರ ಕೈಗಳು ಸಭಿಕರಿಗೆ ಕಾಣುವಂತಿದ್ದರೂ ಮುಖ ಪಕ್ಕಕ್ಕೆ ತಿರುಗಿರುತ್ತಿತ್ತು. ಆಂಗ್ಲೋ-ಕ್ಯಾಥೊಲಿಕರು ಮೇಜಿನ ಮುಂದೆ, ಪೂರ್ವಾಭಿಮುಖವಾಗಿ, ಜನರಿಗೆ ಬೆನ್ನುಮಾಡಿ ನಿಂತರು. ಅವರ ಪಾಲಿಗೆ ಅದು ಮೇಜಲ್ಲ, ಬಲಿಪೀಠ. ಕೆಲವೇ ಹೆಜ್ಜೆಗಳ ಈ ಅಂತರಕ್ಕಾಗಿ ಬೀದಿಗಲಭೆಗಳೂ ಮೊಕದ್ದಮೆಗಳೂ ನಡೆದವು. ಲಂಡನ್ನಿನ ಸೇಂಟ್ ಜಾರ್ಜ್-ಇನ್-ದಿ-ಈಸ್ಟ್ ಚರ್ಚಿನಲ್ಲಿ 1859-60ರಲ್ಲಿ ವಿರೋಧಿಗಳು ಆರಾಧನೆಯ ನಡುವೆಯೇ ಕೂಗಾಡಿ ಗದ್ದಲವೆಬ್ಬಿಸಿದರು. ಇಂಥ ಆಚರಣೆಗಳನ್ನು ಹತ್ತಿಕ್ಕಲು 1874ರಲ್ಲಿ ಪಾರ್ಲಿಮೆಂಟ್ ತಂದ ಶಾಸನದ ಜಾರಿಯಿಂದ ಐವರು ಪಾದ್ರಿಗಳು ಸೆರೆಮನೆ ಸೇರಿದರು. ಅವರಲ್ಲಿ ಸಿಡ್ನಿ ಗ್ರೀನ್ ಸುಮಾರು 20 ತಿಂಗಳು ಲ್ಯಾಂಕಾಸ್ಟರ್ ಕೋಟೆಯಲ್ಲಿ ಬಂದಿಯಾಗಿದ್ದನು. ಸಾಧುಸ್ವಭಾವಕ್ಕೆ ಹೆಸರಾಗಿದ್ದ ಲಿಂಕನ್ನಿನ ಬಿಷಪ್ ಎಡ್ವರ್ಡ್ ಕಿಂಗ್ ಕೂಡ ವಿಚಾರಣೆಗೆ ಒಳಗಾದರು. 1890ರಲ್ಲಿ ಆರ್ಚ್‌ಬಿಷಪ್ ಬೆನ್ಸನ್ ಕೊಟ್ಟ ತೀರ್ಪು ಹೊಂದಾಣಿಕೆಯದು: ಪೂರ್ವಾಭಿಮುಖವಾಗಿ ನಿಲ್ಲಬಹುದು, ಆದರೆ ಕೈಗಳ ಕ್ರಿಯೆ ಜನರಿಗೆ ಕಾಣಬೇಕು, ದ್ರಾಕ್ಷಾರಸಕ್ಕೆ ನೀರು ಬೆರೆಸಬಹುದು, ಆದರೆ ಆರಾಧನೆಯ ಅಂಗವಾಗಿ ಅಲ್ಲ. ಪಾದ್ರಿಗಳು ಸೆರೆಗೆ ಹೋದಷ್ಟೂ ಸಾರ್ವಜನಿಕ ಸಹಾನುಭೂತಿ ಅವರತ್ತ ವಾಲಿದ್ದರಿಂದ ಕಾನೂನು ಕ್ರಮೇಣ ಮೂಲೆಗೆ ಬಿತ್ತು. ಪುಸ್ತಕವನ್ನೇ ಪರಿಷ್ಕರಿಸುವ ಪ್ರಯತ್ನವನ್ನು ಹೌಸ್ ಆಫ್ ಕಾಮನ್ಸ್ 1927ರಲ್ಲೂ 1928ರಲ್ಲೂ ತಿರಸ್ಕರಿಸಿತು.

ಮೇಜಿನ ಸುತ್ತಲಿನ ಈ ತಕರಾರಿಗೆ ಹೊಸ ದಾರಿ ತೋರಿಸಿದವುಗಳಲ್ಲಿ ದಕ್ಷಿಣ ಭಾರತಕ್ಕೆ ವಿಶೇಷ ಸ್ಥಾನವಿದೆ. 1947ರ ಸೆಪ್ಟೆಂಬರ್ 27ರಂದು ಮದರಾಸಿನ ಸೇಂಟ್ ಜಾರ್ಜ್ ಕತೀಡ್ರಲ್‌ನಲ್ಲಿ ಆಂಗ್ಲಿಕನರು, ಮೆಥಡಿಸ್ಟರು, ಪ್ರೆಸ್ಬಿಟೇರಿಯನ್ ಮತ್ತು ಕಾಂಗ್ರಿಗೇಷನಲ್ ಪರಂಪರೆಗಳವರು ಒಂದಾಗಿ ದಕ್ಷಿಣ ಭಾರತ ಸಭೆಯನ್ನು, ಅಂದರೆ ಸಿ.ಎಸ್.ಐ.ಯನ್ನು ಕಟ್ಟಿದರು. ಬೆಂಗಳೂರಿನಲ್ಲಿ ಬ್ರಿಟಿಷ್ ದಂಡಿನವರಿಗಾಗಿ ಕಟ್ಟಿದ ಸೇಂಟ್ ಮಾರ್ಕ್ಸ್ ಚರ್ಚೂ, ಮೈಸೂರಿನಲ್ಲಿ ಮುದ್ರಣಾಲಯ ನಡೆಸುತ್ತಿದ್ದ ವೆಸ್ಲಿಯನ್ ಮಿಷನ್ನಿನ ಕನ್ನಡ ಸಭೆಗಳೂ ಹೀಗೆ ಒಂದೇ ಆಡಳಿತಕ್ಕೆ ಬಂದವು. ಕಿಟೆಲ್‌ರ ನಿಘಂಟಿನಿಂದ ಕನ್ನಡಿಗರಿಗೆ ಪರಿಚಿತವಾದ ಬಾಸೆಲ್ ಮಿಷನ್ನಿನ ಸಭೆಗಳು ಹಂತಹಂತವಾಗಿ ಸೇರಿದವು. ಬಿಷಪ್ಪರಿಂದ ದೀಕ್ಷೆ ಪಡೆಯದ ಪಾದ್ರಿಗಳನ್ನು ಮರುದೀಕ್ಷೆಯಿಲ್ಲದೆ ಸ್ವೀಕರಿಸಿದ್ದು ಇಂಗ್ಲೆಂಡಿನ ಆಂಗ್ಲೋ-ಕ್ಯಾಥೊಲಿಕರನ್ನು ಕೆರಳಿಸಿತು; ಕವಿ ಟಿ. ಎಸ್. ಎಲಿಯಟ್ 1943ರಲ್ಲೇ ಈ ಯೋಜನೆಯ ವಿರುದ್ಧ ಪುಸ್ತಿಕೆ ಬರೆದಿದ್ದರು. ಆಂಧ್ರದ ನಂದ್ಯಾಲ ಪ್ರದೇಶದ ಆಂಗ್ಲಿಕನರಲ್ಲಿ ಒಂದು ಭಾಗವೂ ದೀರ್ಘಕಾಲ ದೂರವೇ ಉಳಿಯಿತು.

ಹೊಸ ಸಭೆ 1950ರಲ್ಲಿ ಸಿದ್ಧಪಡಿಸಿದ ಪ್ರಭುಭೋಜನದ ಕ್ರಮದಲ್ಲಿ ಪಾದ್ರಿ ಉತ್ತರದ ಅಂಚಿನಲ್ಲೂ ಇಲ್ಲ, ಜನರಿಗೆ ಬೆನ್ನುಮಾಡಿಯೂ ಇಲ್ಲ; ಆದಿಮ ಸಭೆಯ ಪದ್ಧತಿಯನ್ನು ಅನುಸರಿಸಿ ಮೇಜಿನ ಹಿಂಬದಿಯಲ್ಲಿ ಸಭಿಕರಿಗೆ ಎದುರಾಗಿ ನಿಲ್ಲುವಂತೆ ಅದು ಸೂಚಿಸಿತು. ಸಿರಿಯನ್ ಕ್ರೈಸ್ತರ ರೂಢಿಯಿಂದ ಸಮಾಧಾನದ ವಂದನೆಯೊಂದನ್ನೂ ತೆಗೆದುಕೊಂಡಿತು. ಕೊಡುವವನು ತನ್ನ ಬಲ ಅಂಗೈಯನ್ನು ಪಡೆಯುವವನ ಬಲ ಅಂಗೈಗೆ ತಾಗಿಸುತ್ತಾನೆ, ಇಬ್ಬರೂ ಎಡಗೈಯಿಂದ ಎದುರಿನವನ ಬಲಗೈಯನ್ನು ಮುಚ್ಚುತ್ತಾರೆ, ಹೀಗೆ ಮೇಜಿನ ಬಳಿಯಿಂದ ಹೊರಟ ವಂದನೆ ಸಾಲುಸಾಲಾಗಿ ಕಡೆಯ ಆಸನದವರೆಗೂ ಸಾಗುತ್ತದೆ. ಮುಂದಿನ ದಶಕಗಳಲ್ಲಿ ಆಂಗ್ಲಿಕನ್ ಸಭೆಗಳು ತಮ್ಮ ಆರಾಧನಾ ಕ್ರಮಗಳನ್ನು ಪರಿಷ್ಕರಿಸುವಾಗ ಈ ಕ್ರಮವನ್ನು ಆದರದಿಂದ ಅಭ್ಯಾಸ ಮಾಡಿದವು. ಇಂಗ್ಲೆಂಡಿನಲ್ಲಿ 1980ರಲ್ಲೂ 2000ದಲ್ಲೂ ಹೊಸ ಆರಾಧನಾ ಪುಸ್ತಕಗಳು ಬಂದು, ಪಾದ್ರಿಯು ಜನಾಭಿಮುಖವಾಗಿ ನಿಲ್ಲುವುದು ಎರಡೂ ಪಂಗಡಗಳಲ್ಲಿ ಸಾಮಾನ್ಯವಾಯಿತು. ಮೇಜಿನ ಸುತ್ತಲಿನ ಜಗಳ ಹೀಗೆ ತಣ್ಣಗಾಗುವ ಹೊತ್ತಿಗೆ ಬೇರೊಂದು ಪ್ರಶ್ನೆ ಎದ್ದಿತ್ತು. ಅದು ಪಾದ್ರಿ ಎಲ್ಲಿ ನಿಲ್ಲಬೇಕೆಂಬುದಲ್ಲ, ಯಾರು ನಿಲ್ಲಬಹುದೆಂಬುದು.

ಯುದ್ಧಕಾಲದ ಅಭಾವದಲ್ಲಿ ಹಾಂಗ್‌ಕಾಂಗಿನ ಬಿಷಪ್ 1944ರಲ್ಲಿ ಫ್ಲಾರೆನ್ಸ್ ಲಿ ಟಿಮ್-ಓಯ್ ಎಂಬ ಮಹಿಳೆಗೆ ಗುರುದೀಕ್ಷೆ ಕೊಟ್ಟದ್ದೇ ಈ ಪರಂಪರೆಯಲ್ಲಿ ಮೊದಲನೆಯದು. ಸಿ.ಎಸ್.ಐ. 1976ರಲ್ಲಿ ಮಹಿಳೆಯರಿಗೆ ದೀಕ್ಷೆ ನೀಡಿತು, ಇಂಗ್ಲೆಂಡ್ 1994ರಲ್ಲಿ. ಅದನ್ನು ಒಪ್ಪದ ಸ್ಥಳೀಯ ಸಭೆಗಳ ಮೇಲ್ವಿಚಾರಣೆಗೆಂದೇ ನೇಮಕಗೊಂಡ ವಿಶೇಷ ಬಿಷಪ್ಪರಿಗೆ ಜನ ಹಾರುವ ಬಿಷಪ್ಪರೆಂದು ಹೆಸರಿಟ್ಟರು. ಒಮ್ಮೆ ಐಕ್ಯಕ್ಕೆ ಅಂಜಿದ್ದ ನಂದ್ಯಾಲದಲ್ಲೇ 2013ರಲ್ಲಿ ಇ. ಪುಷ್ಪಲಲಿತಾ ಸಿ.ಎಸ್.ಐ.ನ ಮೊದಲ ಮಹಿಳಾ ಬಿಷಪ್ ಆದರು. ಇಂಗ್ಲೆಂಡಿಗೆ ಅಂಥ ಬಿಷಪ್ ದೊರೆತದ್ದು 2015ರಲ್ಲಿ. ಇದಕ್ಕಿಂತ ಆಳವಾದ ಬಿರುಕು ಮೂಡಿದ್ದು, ಸಲಿಂಗ ಸಂಬಂಧದಲ್ಲಿದ್ದ ಜೀನ್ ರಾಬಿನ್ಸನ್ 2003ರಲ್ಲಿ ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಬಿಷಪ್ಪರಾದಾಗ. ಅದನ್ನು ವಿರೋಧಿಸಿದ ಇವಾಂಜೆಲಿಕಲ್ಲರು, ಮುಖ್ಯವಾಗಿ ಆಫ್ರಿಕಾದ ಸಭೆಗಳು, 2008ರಲ್ಲಿ ಜೆರುಸಲೇಮಿನಲ್ಲಿ ಸೇರಿ ಗ್ಯಾಫ್‌ಕಾನ್ ಎಂಬ ಕೂಟವನ್ನು ಕಟ್ಟಿಕೊಂಡರು. ಸಾರಾ ಮಲಾಲಿ ಕ್ಯಾಂಟರ್ಬರಿಯ ಮೊದಲ ಮಹಿಳಾ ಆರ್ಚ್‌ಬಿಷಪ್ ಆಗುವರೆಂದು 2025ರ ಅಕ್ಟೋಬರಿನಲ್ಲಿ ಪ್ರಕಟವಾದಾಗ ಆ ಕೂಟ ತನ್ನ ಅಸಮ್ಮತಿಯನ್ನು ಬಹಿರಂಗವಾಗಿ ಸಾರಿತು.

ಎರಡು ವಾಕ್ಯಗಳನ್ನು ಜೋಡಿಸಿ ಇಬ್ಬರನ್ನೂ ಒಂದೇ ಕಟಕಟೆಗೆ ಕರೆದ ಹಳೆಯ ಉಪಾಯ ಇಲ್ಲಿ ನಡೆಯದಿರುವುದಕ್ಕೆ ಕಾರಣವಿದೆ. ರೊಟ್ಟಿಯ ಅರ್ಥವನ್ನು ಪಡೆಯುವವನ ಮನಸ್ಸಿಗೆ ಬಿಡಬಹುದು. ಆದರೆ ಅದನ್ನು ಕೊಡುತ್ತಿರುವ ವ್ಯಕ್ತಿ ನಿಜವಾಗಿ ಪಾದ್ರಿಯೋ ಅಲ್ಲವೋ ಎಂಬುದಕ್ಕೆ ಹೌದು, ಇಲ್ಲ ಎಂಬ ಎರಡೇ ಉತ್ತರ. ಮೇಲಾಗಿ ಪ್ರತಿಯೊಂದು ದೇಶವೂ ತನ್ನದೇ ಆರಾಧನಾ ಪುಸ್ತಕವನ್ನು ಮಾಡಿಕೊಂಡ ಮೇಲೆ, ಪಂಗಡಗಳೆಲ್ಲ ಅವವೇ ಮಾತುಗಳಲ್ಲಿ ಪ್ರಾರ್ಥಿಸುತ್ತಿದ್ದ ಕಾಲವೂ ಕಳೆದಿದೆ. ಹಾಗಿದ್ದೂ ದಿನಕ್ಕೆ ಎರಡು ಬಾರಿ ಕೀರ್ತನೆ, ಪಾಠ, ಬಿನ್ನಹಗಳ ಕ್ರಮವನ್ನು ಹೈ ಚರ್ಚಿನವರಾಗಲಿ ಲೋ ಚರ್ಚಿನವರಾಗಲಿ ಪೂರ್ತಿ ಕೈಬಿಟ್ಟಿಲ್ಲ. ಈ ಪರಂಪರೆ ಒಂದಾಗಿ ಉಳಿಯುವುದಾದರೆ ಅದು ಆರ್ಚ್‌ಬಿಷಪ್ಪರ ಹುದ್ದೆಯಿಂದಾಗಲಿ ಸಮ್ಮೇಳನಗಳ ನಿರ್ಣಯದಿಂದಾಗಲಿ ಸಾಧ್ಯವಾಗುವುದಕ್ಕಿಂತ, ಈ ನಿತ್ಯಕ್ರಮವನ್ನು ಇನ್ನೂ ಹಂಚಿಕೊಳ್ಳುವ ಮನಸ್ಸು ಎಷ್ಟು ಸಭೆಗಳಿಗೆ ಇದೆ ಎಂಬುದರ ಮೇಲೆ ನಿಂತಿದೆ.