ಪ್ರಶ್ನೆ ಕೇಳುವ ವೈದ್ಯಗುರುವಿಗೆ ಆಸರೆ ಯಾರು?

ಕೆಲವು ತಿಂಗಳುಗಳ ಹಿಂದೆ ಮರಿಯಮ್ಮನಹಳ್ಳಿಯ ಮನೆಯೊಂದಕ್ಕೆ ನಾವು ಭೇಟಿಯಿತ್ತಿದ್ದೆವು. ಜಗುಲಿಯ ಮೇಲೆ ಕುಳಿತಿದ್ದ ಹಿರಿಯ ತಾಯಿಯೊಬ್ಬರು ನಮ್ಮನ್ನು ಕಂಡು ಎದ್ದು ನಿಲ್ಲಲು ಯತ್ನಿಸಿದರು, ಆಗಲಿಲ್ಲ. ಅವರ ಎರಡೂ ಮೊಣಕಾಲುಗಳು ಒಳಮುಖವಾಗಿ ಬಾಗಿ ಒಂದಕ್ಕೊಂದು ತಾಗುತ್ತಿದ್ದವು. "ಚಿಕ್ಕಂದಿನಿಂದಲೂ ಹೀಗೇ ಸ್ವಾಮಿ, ದೇವರು ಕೊಟ್ಟದ್ದು" ಎಂದು ನಕ್ಕರು. ಆ ಮನೆಯ ಮೊಮ್ಮಗನೂ ಅಂದು ಅಲ್ಲಿದ್ದ. ವೈದ್ಯನಾಗಿ, ಉನ್ನತ ವ್ಯಾಸಂಗವನ್ನೂ ಮುಗಿಸಿ, ದೂರದ ವೈದ್ಯಕೀಯ ಕಾಲೇಜೊಂದರಲ್ಲಿ ಬೋಧಕನಾಗಿರುವ ತರುಣ. ಅವನು ನಮ್ಮನ್ನು ಬೀಳ್ಕೊಡಲು ರಸ್ತೆಯವರೆಗೆ ಬಂದು ಮೆಲ್ಲನೆ ನುಡಿದ: "ಫಾದರ್, ಅಜ್ಜಿಗೆ ಇದನ್ನು ಕೊಟ್ಟದ್ದು ದೇವರಲ್ಲ, ಬಾವಿಯ ನೀರಿರಬೇಕು. ಹಳ್ಳಿಹಳ್ಳಿ ಸುತ್ತಿ ಇದನ್ನು ಪರೀಕ್ಷಿಸಬೇಕೆಂಬ ಆಸೆ ನನಗಿದೆ. ಆದರೆ ಸಮಯ ಯಾರು ಕೊಡುತ್ತಾರೆ, ಹಣ ಯಾರು ಕೊಡುತ್ತಾರೆ?"

ಆ ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ವೈದ್ಯಕೀಯ ಕಾಲೇಜಿನ ಅಧ್ಯಾಪಕರಿಗೆ ಸಂಶೋಧನೆಗಾಗಿ ದೊರೆಯುವ ನೆರವಿನ ವಿಷಯ ನಮ್ಮ ಕುಟುಂಬಗಳಿಗೆ ದೂರದ ಮಾತೆನಿಸಬಹುದು. ಆದರೆ ಈ ವಿಷಯ ನಮ್ಮ ಜೋಳದ ರೊಟ್ಟಿಗೂ ನಮ್ಮ ಬಾವಿಯ ನೀರಿಗೂ ಸಂಬಂಧಿಸಿದ್ದೆಂಬುದನ್ನು ನಮ್ಮ ಸೀಮೆಯ ಇತಿಹಾಸವೇ ತೋರಿಸಿಕೊಟ್ಟಿದೆ.

1953ರಲ್ಲಿ ತುಂಗಭದ್ರೆಗೆ ಕಟ್ಟಿದ ಅಣೆಕಟ್ಟಿನಲ್ಲಿ ನೀರು ನಿಂತಿತು. ಹೊಲಗಳಿಗೆ ಕಾಲುವೆ ಬಂತು, ಬದುಕಿಗೆ ಹಸಿರು ಬಂತು. ಇದಾದ ಎರಡು ದಶಕಗಳ ತರುವಾಯ, ಅಂದು ನೆರೆಯ ಆಂಧ್ರಕ್ಕೆ ಸೇರಿದ್ದ ನಲ್ಗೊಂಡ ಸೀಮೆಯಲ್ಲಿ, ನಾಗಾರ್ಜುನಸಾಗರದ ಆಸುಪಾಸಿನಲ್ಲಿ ಒಂದು ವಿಚಿತ್ರ ಕಾಣಿಸಿಕೊಂಡಿತು. ನೀರಿನಲ್ಲಿ ಫ್ಲೋರೈಡ್ ಹೆಚ್ಚಾದರೆ ಹಲ್ಲು ಕಂದುವುದೂ ಬೆನ್ನೆಲುಬು ಬಿಗಿಯುವುದೂ ಹಳೆಯ ಸಂಗತಿ. ದಕ್ಷಿಣ ಭಾರತದಲ್ಲಿ ಅದು 1937ರಲ್ಲಿಯೇ ದಾಖಲಾಗಿತ್ತು. ಇಲ್ಲಿ ಮಾತ್ರ ಎಳೆಯರ ಮೊಣಕಾಲುಗಳು ಒಳಬಾಗತೊಡಗಿದ್ದವು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಕೃಷ್ಣಮಾಚಾರಿ ಮತ್ತು ಕೃಷ್ಣಸ್ವಾಮಿ ಎಂಬ ವಿಜ್ಞಾನಿಗಳು 1973ರಲ್ಲಿ ಇದನ್ನು 'ಲ್ಯಾನ್ಸೆಟ್' ಪತ್ರಿಕೆಯ ಮೂಲಕ ಜಗತ್ತಿಗೆ ತಿಳಿಸಿದರು. ಮುಂದೆ ಇಂಥ ಪ್ರಕರಣಗಳು ತಮಿಳುನಾಡಿನ ಪರಂಬಿಕುಲಂ ಅಣೆಕಟ್ಟಿನ ಪ್ರದೇಶದಿಂದಲೂ ನಮ್ಮ ಹೊಸಪೇಟೆಯ ಅಣೆಕಟ್ಟಿನ ಪ್ರದೇಶದಿಂದಲೂ ವರದಿಯಾದವು.

ಅವರು ಬಿಡಿಸಿದ ಒಗಟು ಹೀಗಿತ್ತು. ಜಲಾಶಯ ತುಂಬಿದಾಗ ಸುತ್ತಲ ಅಂತರ್ಜಲದ ಮಟ್ಟ ಏರುತ್ತದೆ. ಮಣ್ಣಿನ ಕ್ಷಾರಗುಣ ಹೆಚ್ಚುತ್ತದೆ. ಅಂಥ ಮಣ್ಣಿನಲ್ಲಿ ಬೆಳೆದ ಜೋಳ ಮಾಲಿಬ್ಡಿನಮ್ ಎಂಬ ಧಾತುವನ್ನು ಅಧಿಕವಾಗಿ ಹೀರಿಕೊಳ್ಳುತ್ತದೆ. ಆ ಧಾತು ದೇಹದೊಳಗಿನ ತಾಮ್ರವನ್ನು ಹೊರದೂಡುತ್ತದೆ. ತಾಮ್ರ ಸಾಲದಾದ ಎಳೆಯ ಮೂಳೆ, ಫ್ಲೋರೈಡಿನ ಹೊಡೆತವನ್ನು ತಾಳಲಾರದೆ ಬಾಗುತ್ತದೆ ಎಂದು ಅವರು ಅಭಿಪ್ರಾಯಪಟ್ಟರು. ಅಕ್ಕಿ ಉಣ್ಣುವವರಿಗಿಂತ ಜೋಳ ಉಣ್ಣುವ ಬಡವರಿಗೇ ಈ ಪೀಡೆ ಹೆಚ್ಚು. ಅಣೆಕಟ್ಟು, ಮಣ್ಣು, ಜೋಳ, ಮೂಳೆ, ಈ ನಾಲ್ಕನ್ನೂ ಒಂದೇ ದಾರದಲ್ಲಿ ಪೋಣಿಸಿದವರು ವಿಚಾರಮಾಡಲು ಬಿಡುವು ಮತ್ತು ಹಣವಿದ್ದ ವಿಜ್ಞಾನಿಗಳು. ಆ ತಾಯಿಯ ಕಾಲು ಬಾಗಿದ್ದು ಇದರಿಂದಲೇ ಎಂದು ನಾವು ಹೇಳಲಾರೆವು; ಯಾರಾದರೂ ಪರೀಕ್ಷಿಸಿದ್ದರೆ ತಾನೆ ಹೇಳುವುದು!

ಪ್ರಶ್ನೆ ಕೇಳಿದವರು ಹೈದರಾಬಾದಿನಿಂದ ಬಂದರು ಎಂಬುದನ್ನು ಗಮನಿಸಬೇಕು. ರೋಗಿಯನ್ನು ಎಲ್ಲರಿಗಿಂತ ಮೊದಲು ಕಾಣುವವನು ಸಮೀಪದ ವೈದ್ಯಕೀಯ ಕಾಲೇಜಿನ ಅಧ್ಯಾಪಕ. ನಮ್ಮ ಬಳ್ಳಾರಿಯಲ್ಲಿ 1961ರಿಂದ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಮುಂದೆ ಅದು ವಿಜಯನಗರ ವೈದ್ಯಕೀಯ ವಿಜ್ಞಾನ ಸಂಸ್ಥೆ ಎಂಬ ಹೆಸರನ್ನೂ ಪಡೆದಿತ್ತು. ಸಂಡೂರು, ಕಂಪ್ಲಿ, ಹೊಸಪೇಟೆಗಳ ರೋಗಿಗಳು ಹೋಗುವುದು ಅಂಥಲ್ಲಿಗೇ. ಆದರೆ ಯಾವ ಊರಿನ ವೈದ್ಯಕೀಯ ಅಧ್ಯಾಪಕನಾದರೂ ಬೆಳಿಗ್ಗೆ ಹೊರರೋಗಿಗಳನ್ನು ನೋಡಿ, ಮಧ್ಯಾಹ್ನ ಪಾಠ ಹೇಳಿ, ರಾತ್ರಿ ತುರ್ತು ಕರೆಗೆ ಓಡಬೇಕಾದವನು. ಕಣ್ಣಿಗೆ ಬಿದ್ದ ಪ್ರಶ್ನೆಯನ್ನು ಬೆನ್ನುಹತ್ತಲು ಅವನಿಗೆ ಉಳಿಯುವುದೇನು?

ಅಲ್ಪ ನೆರವು ಕೂಡ ಎಂಥ ಫಲವೀಯಬಲ್ಲದೆಂಬುದಕ್ಕೆ ನಮ್ಮ ದೇಶದಲ್ಲಿಯೇ ನಿದರ್ಶನಗಳಿವೆ. ಕಲ್ಕತ್ತೆಯ ಕ್ಯಾಂಪ್‌ಬೆಲ್ ವೈದ್ಯಶಾಲೆಯಲ್ಲಿ ಬೋಧಕರಾಗಿದ್ದ ಉಪೇಂದ್ರನಾಥ ಬ್ರಹ್ಮಚಾರಿಯವರು ಕಾಲಾ ಅಜಾರ್ ಎಂಬ ಮಾರಕ ಜ್ವರಕ್ಕೆ ಮದ್ದು ಹುಡುಕುತ್ತಿದ್ದರು. ಅನಿಲವಿಲ್ಲದ, ನೀರಿನ ನಲ್ಲಿಯಿಲ್ಲದ, ವಿದ್ಯುತ್ ದೀಪವೂ ಇಲ್ಲದ ಚಿಕ್ಕ ಕೋಣೆಯೇ ಅವರ ಪ್ರಯೋಗಾಲಯ. 1919ರಲ್ಲಿ ಭಾರತೀಯ ಸಂಶೋಧನಾ ನಿಧಿ ಸಂಘವು ಅವರಿಗೆ ಅನುದಾನವಿತ್ತಿತು. ಮುಂದಿನ ವರ್ಷವೇ ಯೂರಿಯಾ ಸ್ಟಿಬಮೈನ್ ಎಂಬ ಔಷಧ ಸಿದ್ಧವಾಯಿತು. ಲಕ್ಷಾಂತರ ಜೀವಗಳು ಉಳಿದವು. 1911ರಲ್ಲಿ ಹುಟ್ಟಿದ ಆ ಸಂಘವೇ 1949ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಎಂಬ ಹೆಸರು ತಳೆಯಿತು.

ಇದಕ್ಕೆ ಪ್ರತಿಯಾದ ಇನ್ನೊಂದು ಕಥೆಯೂ ಅದೇ ನಗರದ್ದು. ಕಾಲರಾ ರೋಗಿಯನ್ನು ಕೊಲ್ಲುವುದು ಅದರ ಕ್ರಿಮಿ ಸ್ರವಿಸುವ ವಿಷ ಎಂಬುದನ್ನು 1959ರಲ್ಲಿ ಸಿದ್ಧಪಡಿಸಿ ತೋರಿದವರು ಕಲ್ಕತ್ತಾ ವೈದ್ಯಕೀಯ ಕಾಲೇಜಿನ ರೋಗಶಾಸ್ತ್ರದ ಅಧ್ಯಾಪಕ ಶಂಭುನಾಥ ಡೇ. ಮೊಲದ ಕರುಳಿನ ಸರಳ ಪ್ರಯೋಗದಿಂದ ಸಾಧಿಸಿದ ಮಹತ್ತರ ಶೋಧವದು. ಸ್ವದೇಶದಲ್ಲಿ ಅವರಿಗೆ ದೊರೆತ ಮನ್ನಣೆ ಅತ್ಯಲ್ಪ. 1973ರಲ್ಲಿ ನಿವೃತ್ತರಾದ ಅವರನ್ನು 1978ರಲ್ಲಿ ಸ್ವೀಡನ್ನಿನ ನೊಬೆಲ್ ವಿಚಾರಗೋಷ್ಠಿ ಆಹ್ವಾನಿಸಿತು. ಒಬ್ಬ ಗುರುವಿಗೆ ಸಕಾಲದಲ್ಲಿ ಆಸರೆ ದೊರೆಯಿತು. ಇನ್ನೊಬ್ಬ ಗುರು ಹೆಚ್ಚುಕಡಿಮೆ ಒಂಟಿಯಾಗಿಯೇ ನಡೆದ. ನಮ್ಮ ಪ್ರತಿಭಾವಂತರೆಲ್ಲರೂ ಎರಡನೆಯವರಂತೆ ಒಂಟಿಯಾಗಿ ನಡೆಯಬಲ್ಲವರಾಗಿರುವುದಿಲ್ಲ.

ಇಂದಿನ ಸ್ಥಿತಿಯೇನು? ಹಣವೇ ಇಲ್ಲವೆಂದು ಹೇಳಿದರೆ ಸತ್ಯಕ್ಕೆ ಅಪಚಾರವಾದೀತು. ವೈದ್ಯಕೀಯ ಸಂಶೋಧನಾ ಮಂಡಳಿಯು ಅಧ್ಯಾಪಕರು ತಾವೇ ಆರಿಸಿಕೊಂಡ ಪ್ರಶ್ನೆಗಳಿಗೂ ಅನುದಾನ ನೀಡುತ್ತದೆ. ಇತ್ತೀಚಿನ ವರ್ಷಗಳಲ್ಲಿ 'ಸಣ್ಣ' ಎಂದು ಅದು ಕರೆದ ಅನುದಾನವೇ 2 ಕೋಟಿ ರೂಪಾಯಿಗಳವರೆಗಿನದು. ಎಂ.ಬಿ.ಬಿ.ಎಸ್. ವಿದ್ಯಾರ್ಥಿಗಳು ಅಧ್ಯಾಪಕರ ಮಾರ್ಗದರ್ಶನದಲ್ಲಿ ಕೈಗೊಳ್ಳುವ ಎರಡು ತಿಂಗಳ ಕಿರು ಸಂಶೋಧನೆಗೆ ಮಂಡಳಿಯು 1979ರಲ್ಲಿಯೇ ವಿದ್ಯಾರ್ಥಿವೇತನವನ್ನು ಆರಂಭಿಸಿತು. 2007ರಲ್ಲಿ ಸ್ಥಾಪಿತವಾದ ಕೇಂದ್ರ ಆರೋಗ್ಯ ಸಂಶೋಧನಾ ಇಲಾಖೆಯು ಸರ್ಕಾರಿ ವೈದ್ಯಕೀಯ ಕಾಲೇಜುಗಳಲ್ಲಿ ಬಹುಶಾಸ್ತ್ರೀಯ ಸಂಶೋಧನಾ ಘಟಕಗಳನ್ನು ತೆರೆಯಲು ನೆರವಾಗಿದೆ. ಮನೆ ಮಕ್ಕಳಿಗಾಗಿ ವೃತ್ತಿ ಬಿಟ್ಟು ಮರಳಿ ಬರಬಯಸುವ ಮಹಿಳೆಯರಿಗೂ ಸಂಶೋಧನಾ ವೇತನವನ್ನು ಕಲ್ಪಿಸಿದೆ. ನಮ್ಮ ರಾಜ್ಯದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವು 1996ರಲ್ಲಿ ಸ್ಥಾಪನೆಯಾಯಿತು. ತನ್ನ ಅಧೀನ ಕಾಲೇಜುಗಳ ಅಧ್ಯಾಪಕರಿಗೆ ಅದೂ ಸಂಶೋಧನಾ ಅನುದಾನ ನೀಡುತ್ತ ಬಂದಿದೆ. ಭಾರತ ಸರ್ಕಾರದ ಜೈವಿಕ ತಂತ್ರಜ್ಞಾನ ಇಲಾಖೆ ಮತ್ತು ಲಂಡನ್ನಿನ ವೆಲ್‌ಕಮ್ ಟ್ರಸ್ಟ್ 2008ರಲ್ಲಿ ಕೂಡಿ ಆರಂಭಿಸಿದ ಮೈತ್ರಿ ಸಂಸ್ಥೆಯು ವೈದ್ಯರಿಗಾಗಿಯೇ ದೀರ್ಘಾವಧಿಯ ವೇತನಗಳನ್ನು ನೀಡಿದೆ; ಅರ್ಜಿ ಬರೆಯುವುದನ್ನು ಕಲಿಸುವ ಶಿಬಿರಗಳನ್ನೂ ನಡೆಸಿದೆ.

ಹಾಗಿದ್ದರೂ ನಮ್ಮ ತರುಣ ವೈದ್ಯ ಕೈಚೆಲ್ಲಿ ನಿಂತದ್ದೇಕೆ? ಬಾವಿಯಲ್ಲಿ ನೀರಿದ್ದರೆ ಸಾಲದು; ಹಗ್ಗವೂ ಬೇಕು, ಕೊಡವೂ ಬೇಕು. ಅನುದಾನ ಬೇಡುವ ಅಧ್ಯಾಪಕನು ತನ್ನ ಪ್ರಶ್ನೆಯನ್ನು ಸ್ಪಷ್ಟವಾಗಿ ಬರೆಯಬೇಕು. ಎಷ್ಟು ಮಂದಿಯನ್ನು ಪರೀಕ್ಷಿಸಬೇಕೆಂಬ ಲೆಕ್ಕವನ್ನು ಸಂಖ್ಯಾಶಾಸ್ತ್ರಜ್ಞನಿಂದ ಪಡೆಯಬೇಕು. ನೈತಿಕ ಸಮಿತಿಯ ಒಪ್ಪಿಗೆ ಬೇಕು. ಮಂಜೂರಾದ ಹಣ ಬರುವುದು ಸಂಸ್ಥೆಯ ಖಾತೆಗೆ. ಅಲ್ಲಿಂದ ಒಂದು ಉಪಕರಣ ಕೊಳ್ಳಲೂ ಹಲವು ಸಹಿಗಳು ಬೇಕು. ವರ್ಷದ ಕೊನೆಗೆ ಬಳಕೆಯ ಪ್ರಮಾಣಪತ್ರ ಹೋಗದಿದ್ದರೆ ಮುಂದಿನ ಕಂತು ಬಾರದು. ದೊಡ್ಡ ನಗರದ ಹಳೆಯ ಸಂಸ್ಥೆಗಳಲ್ಲಿ ಇದಕ್ಕೆಲ್ಲ ಪ್ರತ್ಯೇಕ ಕಚೇರಿಯೂ ಅನುಭವಿಗಳೂ ಇರುತ್ತಾರೆ. ಜಿಲ್ಲೆಯ ಕಾಲೇಜಿನಲ್ಲಿ ಪ್ರಾಧ್ಯಾಪಕನೇ ಗುಮಾಸ್ತ, ಅವನೇ ಲೆಕ್ಕಿಗ. ಆದ್ದರಿಂದ ಇದ್ದವನಿಗೇ ಮತ್ತಷ್ಟು ದೊರೆಯುವ ನಿಯಮ ಇಲ್ಲಿಯೂ ನಡೆಯುತ್ತದೆ. ಚೆನ್ನೈನ ರಾಷ್ಟ್ರೀಯ ಸಾಂಕ್ರಾಮಿಕರೋಗಶಾಸ್ತ್ರ ಸಂಸ್ಥೆಯು ಅಧ್ಯಾಪಕರಿಗೆ ಸಂಶೋಧನೆಯ ಪ್ರಾಥಮಿಕ ಪಾಠಗಳನ್ನು ದೂರದಿಂದಲೇ ಕಲಿಸುವ ಏರ್ಪಾಡು ಮಾಡಿದ್ದು ಸ್ತುತ್ಯವೇ ಸರಿ. ಆದರೆ ಪಾಠದ ಜೊತೆಗೆ ವಾರದಲ್ಲಿ ಒಂದು ದಿನದ ಬಿಡುವನ್ನೂ ಒಬ್ಬ ಲೆಕ್ಕಿಗನನ್ನೂ ಕೊಟ್ಟರೆ ಮಾತ್ರ ಅದು ಫಲಿಸೀತು.

ಇನ್ನೊಂದು ಅಪಾಯವಿದೆ. ಬಡ್ತಿಗೆ ಪ್ರಕಟಿತ ಲೇಖನಗಳು ಅಗತ್ಯವೆಂಬ ನಿಯಮವು ಸದುದ್ದೇಶದ್ದೇ. ಆದರೆ ಪ್ರಶ್ನೆಯ ಹಸಿವಿಲ್ಲದೆ ಲೇಖನದ ಎಣಿಕೆ ಮಾತ್ರ ಉಳಿದರೆ, ಸಂಶೋಧನೆಯು ಕಾಟಾಚಾರವಾಗುತ್ತದೆ. ತತ್ತ್ವಜ್ಞಾನವು ಅಚ್ಚರಿಯಿಂದ ಹುಟ್ಟುತ್ತದೆಂದು ಅರಿಸ್ಟಾಟಲನು ತಿಳಿಸಿದನು. ಸಂತ ಥಾಮಸ್ ಅಕ್ವಿನಾಸರು ತಿಳಿಯುವ ಶ್ರದ್ಧೆಯನ್ನು ಸದ್ಗುಣವೆಂದು ಎಣಿಸಿ, ಗುರಿತಪ್ಪಿದ ಕುತೂಹಲವನ್ನು ಅದರಿಂದ ಬೇರ್ಪಡಿಸಿದರು. ಹೆಸರಿಗಾಗಿ ತಿಳಿಯುವುದು ಬೇರೆ, ಆ ತಾಯಿಯ ಮೊಣಕಾಲಿಗಾಗಿ ತಿಳಿಯುವುದು ಬೇರೆ.

ನಮ್ಮ ಸಮುದಾಯಕ್ಕೂ ಈ ವಿಷಯದಲ್ಲಿ ಒಂದು ಪರಂಪರೆಯಿದೆ. ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯು 1963ರಲ್ಲಿ ಬೆಂಗಳೂರಿನಲ್ಲಿ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜನ್ನು ಆರಂಭಿಸಿದಾಗ, ಹಳ್ಳಿಗಾಡಿನ ಸೇವೆಗೆ ವೈದ್ಯರನ್ನು ಅಣಿಗೊಳಿಸುವುದು ಅದರ ಪ್ರಮುಖ ಆಶಯವಾಗಿತ್ತು. ಅಲ್ಲಿನ ಅಧ್ಯಾಪಕರು ಕ್ರಮೇಣ ಸಂಶೋಧನೆಗೂ ಹೊರಳಿದರು. ಬಡವರ ಆಹಾರ ಹಾಗೂ ಪೋಷಣೆಯನ್ನು ಕುರಿತ ಅವರ ಕೆಲಸ ಲೋಕಪ್ರಸಿದ್ಧವಾಯಿತು. ಹೃದ್ರೋಗ ತಡೆಯುವ ಐದು ಔಷಧಗಳನ್ನು ಒಂದೇ ಗುಳಿಗೆಯಲ್ಲಿ ಸೇರಿಸಬಹುದೇ ಎಂಬುದನ್ನು ದೇಶದ 50 ಕೇಂದ್ರಗಳಲ್ಲಿ 2,053 ಮಂದಿಯ ಮೇಲೆ ಪರೀಕ್ಷಿಸಿದ ಅಧ್ಯಯನವನ್ನು ಸಂಘಟಿಸಿದ್ದು ಅಲ್ಲಿಂದಲೇ. ಪ್ರೇಮ್ ಪೈಸ್ ಅವರು ಅದರ ಮುಂದಾಳುಗಳಲ್ಲೊಬ್ಬರು. ಅದರ ಫಲಿತಾಂಶ 2009ರಲ್ಲಿ ಪ್ರಕಟವಾಯಿತು. ಆ ಅಧ್ಯಯನಕ್ಕೆ ಹಣವೊದಗಿಸಿದ್ದು ಗುಳಿಗೆಯನ್ನು ತಯಾರಿಸಿದ ಔಷಧ ಕಂಪನಿ ಎಂಬುದನ್ನೂ ಹೇಳಬೇಕು. ಇದರಲ್ಲಿ ಮುಚ್ಚುಮರೆಯಿರಲಿಲ್ಲ, ತಪ್ಪೂ ಇಲ್ಲ. ಆದರೆ ಗುಳಿಗೆಗೆ ಕಂಪನಿಯಿದೆ. ಬಾವಿಯ ನೀರಿಗೆ ಯಾವ ಕಂಪನಿಯಿದೆ? ಮಾರಲಾಗದ ಉತ್ತರಗಳಿಗಾಗಿ ಪ್ರಶ್ನೆ ಕೇಳಬೇಕಾದಾಗ ಸಾರ್ವಜನಿಕರ ಹಣವೇ ಗತಿ.

ಆ ಹಣ ನಮ್ಮ ಬೆಟ್ಟಗಳಲ್ಲಿಯೇ ಇದೆ ಎಂದರೆ ಅತಿಶಯೋಕ್ತಿಯಲ್ಲ. ಸಂಡೂರಿನ ಅದಿರು ಹೊರಹೋಗುವಾಗ ಗಣಿ ಒಡೆಯರು ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಪಾಲು ಸಲ್ಲಿಸಬೇಕೆಂದು 2015ರ ಕಾಯಿದೆ ವಿಧಿಸಿದೆ. ಗಣಿಬಾಧಿತರ ಕುಡಿಯುವ ನೀರು ಮತ್ತು ಆರೋಗ್ಯ ಆ ನಿಧಿಯ ಆದ್ಯತೆಗಳಲ್ಲಿ ಸೇರಿವೆ. ಕಟ್ಟಡವೂ ಬೇಕು, ಆಂಬುಲೆನ್ಸೂ ಬೇಕು. ಆದರೆ ಧೂಳನ್ನು ಉಸಿರಾಡಿದ ಮಗುವಿನ ಶ್ವಾಸಕೋಶ ಹೇಗಿದೆ, ಶುದ್ಧ ನೀರಿನ ಘಟಕ ಬಂದ ಮೇಲೆ ಹಲ್ಲುಗಳ ಕಲೆ ಕಡಿಮೆಯಾಯಿತೇ ಎಂದು ವರ್ಷ ವರ್ಷವೂ ಅಳೆಯುವ ಅಧ್ಯಾಪಕನಿಗೆ ಆ ನಿಧಿಯ ಒಂದು ಚಿಕ್ಕ ಪಾಲು ಮೀಸಲಾಗಬಾರದೇಕೆ? ಇದು ನಮ್ಮ ಜನಪ್ರತಿನಿಧಿಗಳ ಮುಂದೆ ನಾವೆಲ್ಲರೂ ಇಡಬೇಕಾದ ಬೇಡಿಕೆ.

ಕುಟುಂಬಗಳ ಕರ್ತವ್ಯವೂ ಒಂದಿದೆ. ಮಗ ಅಥವಾ ಮಗಳು ವೈದ್ಯರಾಗಿ ಬಂದೊಡನೆ "ನರ್ಸಿಂಗ್ ಹೋಮ್ ಯಾವಾಗ?" ಎಂದು ಕೇಳುವ ನಾವು, "ಕಾಲೇಜಿನಲ್ಲಿ ಪಾಠ ಹೇಳುತ್ತೇನೆ, ಸಂಶೋಧನೆ ಮಾಡುತ್ತೇನೆ" ಎಂದರೆ ಮುಖ ಸಣ್ಣದು ಮಾಡುತ್ತೇವೆ. ಆ ಸಣ್ಣ ಮುಖವೇ ಎಷ್ಟೋ ಪ್ರಶ್ನೆಗಳನ್ನು ಹುಟ್ಟುವ ಮೊದಲೇ ಕೊಂದಿದೆ. ಇನ್ನು, ಅಧ್ಯಯನಕ್ಕೆಂದು ವೈದ್ಯರು ಮನೆಬಾಗಿಲಿಗೆ ಬಂದಾಗ ಹೆದರದೆ, ಹಾಗೆಂದು ಕಣ್ಣು ಮುಚ್ಚಿ ಹೆಬ್ಬೆಟ್ಟನ್ನೂ ಒತ್ತದೆ, ಕೇಳಬೇಕು: ಇದೇಕೆ, ಇದರಿಂದ ನಮಗೇನು, ಫಲಿತಾಂಶವನ್ನು ನಮಗೆ ತಿಳಿಸುವಿರಾ? ತಿಳಿದು ಒಪ್ಪುವುದು, ಬೇಡವೆನಿಸಿದರೆ ನಡುವೆಯೇ ಹೊರಬರುವುದು, ಇವೆರಡೂ ನಮ್ಮ ಹಕ್ಕುಗಳು. ಬಡವನ ರಕ್ತದ ಹನಿಯಿಂದ ಪಡೆದ ಜ್ಞಾನವು ಬಡವನ ಮನೆಗೆ ಮರಳಲೇಬೇಕು. ಅದು ಔದಾರ್ಯವಲ್ಲ, ನ್ಯಾಯ.

ಕಳೆದ ವಾರ ಆ ತರುಣನ ಪತ್ರ ಬಂತು. ತನ್ನ ವಿಭಾಗದ ಹಿರಿಯರೊಬ್ಬರೊಡನೆ ಕೂಡಿ ಒಂದು ಚಿಕ್ಕ ಅರ್ಜಿಯನ್ನು ಬರೆಯುತ್ತಿರುವನಂತೆ. ಹಳ್ಳಿಗಳಲ್ಲಿ ಜನರ ವಿಶ್ವಾಸ ಗಳಿಸಲು ನಮ್ಮ ನೆರವು ಸಿಗಬಹುದೇ ಎಂದು ಕೇಳಿದ್ದಾನೆ. ಸಿಗುವುದೆಂದು ಬರೆದಿದ್ದೇವೆ. ಅರ್ಜಿ ಮಂಜೂರಾಗುವುದೋ ಇಲ್ಲವೋ ಅರಿಯೆವು. ಮೊದಲ ಅರ್ಜಿಗಳು ತಿರಸ್ಕೃತವಾಗುವುದೇ ಹೆಚ್ಚು, ಅದರಿಂದ ಎದೆಗುಂದಬೇಡವೆಂದೂ ಬರೆದಿದ್ದೇವೆ. ಆ ಅಜ್ಜಿಯ ಕಾಲು ಇನ್ನು ನೆಟ್ಟಗಾಗದು. ಆದರೆ ಅದೇ ಬಾವಿಯ ನೀರು ಕುಡಿಯುತ್ತಿರುವ ಮರಿಮಕ್ಕಳು ಆ ಮನೆಯ ಅಂಗಳದಲ್ಲಿ ಇಂದು ಓಡಾಡುತ್ತಿದ್ದಾರೆ.