ಸುಲ್ತಾನ್ ಬತ್ತೇರಿ: ನದಿ ಕಾಯ್ದ ಬುರುಜು

ಶಿವಾಜಿನಗರದ ರಸೆಲ್ ಮಾರುಕಟ್ಟೆಯಲ್ಲಿ ನಾವು ಹಣ್ಣು ಆರಿಸುತ್ತಿದ್ದೆವು. ಅಂಗಡಿಯಲ್ಲಿ ಕೂತಿದ್ದ ನಮ್ಮೂರ ಕಡೆಯ ಹುಡುಗ ಕೇಳಿದ: "ಉಸ್ತಾದ್, ರಜೆಗೆ ಮಂಗಳೂರಿಗೆ ಹೋಗ್ತೇವೆ. ಸುಲ್ತಾನ್ ಬತ್ತೇರಿಯಲ್ಲಿ ಮೊದ್ಲು ಬ್ಯಾಟರಿ ಮಾಡ್ತಿದ್ರಾ?" ನಗು ಬಂತು. ಆದರೆ ತಪ್ಪು ಅವನದಲ್ಲ, ಹೇಳಿಕೊಡದ ನಮ್ಮದು.

ಫಿರಂಗಿಗಳನ್ನು ಸಾಲಾಗಿ ಹೂಡುವ ಜಾಗಕ್ಕೆ ಇಂಗ್ಲಿಷರು ಬ್ಯಾಟರಿ ಅನ್ನುತ್ತಿದ್ದರು. ಅದೇ ಜನರ ಬಾಯಲ್ಲಿ ಬತ್ತೇರಿ ಆಯಿತು. ವಯನಾಡಿನ ಸುಲ್ತಾನ್ ಬತ್ತೇರಿಯ ಹೆಸರೂ ಹೀಗೇ ಬಂದದ್ದು.

ಮಂಗಳೂರಿನ ಬತ್ತೇರಿ ಇರುವುದು ಬೋಳೂರಿನಲ್ಲಿ, ಗುರುಪುರ ನದಿಯ ದಂಡೆಯಲ್ಲಿ. ಎದುರು ದಡದಲ್ಲಿ ತಣ್ಣೀರುಬಾವಿ, ಅದರಾಚೆ ಅರಬ್ಬಿ ಸಮುದ್ರ. ಅಳಿವೆ ಹೊಕ್ಕು ವ್ಯಾಪಾರದ ಮಂಜಿ ಬರುವ ದಾರಿಯಲ್ಲಿ ಯುದ್ಧದ ಹಡಗೂ ಬರಬಹುದಲ್ಲ! ಅದನ್ನು ತಡೆಯಲು ಟಿಪ್ಪು ಸುಲ್ತಾನ್ 1784ರಲ್ಲಿ ಕಪ್ಪು ಕಲ್ಲಿನ ಈ ಬುರುಜು ಕಟ್ಟಿಸಿದರು.

ಆಗಷ್ಟೇ ಮಂಗಳೂರು ಕೋಟೆ ತಿಂಗಳುಗಟ್ಟಲೆ ಮುತ್ತಿಗೆ ಕಂಡಿತ್ತು. ಒಳಗಿದ್ದ ಇಂಗ್ಲಿಷ್ ಪಡೆ 1784ರ ಜನವರಿಯಲ್ಲಿ ಶರಣಾಯಿತು. ಮಾರ್ಚ್ 11ಕ್ಕೆ ಮಂಗಳೂರು ಒಪ್ಪಂದ ಆಯಿತು. ಒಪ್ಪಂದ ಆಯಿತೆಂದು ಸಮುದ್ರದ ಮೇಲಿಟ್ಟ ಕಣ್ಣು ತೆಗೆಯುವ ಹಾಗಿರಲಿಲ್ಲ.

ಬುರುಜು ದೊಡ್ಡದೇನಲ್ಲ. ಮೆಟ್ಟಿಲು ಹತ್ತಿದರೆ ಸುತ್ತುಗೋಡೆಯಲ್ಲಿ ಫಿರಂಗಿ ಚಾಚುವ ಕಿಂಡಿಗಳು ಕಾಣುತ್ತವೆ. ಕೆಳಗಿನ ಕೋಣೆಯಲ್ಲಿ ಮದ್ದು ಇಡುತ್ತಿದ್ದರು. ಕಿಂಡಿಯಲ್ಲಿ ಇಣುಕಿದರೆ ನದಿ ಕಣ್ಣೆದುರೇ ಇರುತ್ತದೆ. ಇಲ್ಲೇ ಯಾಕೆ ಕಟ್ಟಿದರು ಎಂದು ಮಕ್ಕಳಿಗೆ ಬೇರೆ ಹೇಳಬೇಕಾಗಿಲ್ಲ.

ಆದರೆ ಹೇಳಬೇಕಾದ ಇನ್ನೊಂದು ಸಂಗತಿಯಿದೆ. ಅದೇ 1784ರಲ್ಲಿ ಇಂಗ್ಲಿಷರಿಗೆ ನೆರವಾದರೆಂಬ ಆರೋಪದಲ್ಲಿ ಕರಾವಳಿಯ ಸಾವಿರಾರು ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದರು. ದಾರಿಯಲ್ಲಿ, ಸೆರೆಯಲ್ಲಿ ಬಹಳ ಜನ ತೀರಿಕೊಂಡರು. ನೆರೆಮನೆಯವರ ಈ ನೋವನ್ನು ಬಿಟ್ಟು ಬುರುಜಿನ ಹೆಮ್ಮೆ ಮಾತ್ರ ಹೇಳಿದರೆ ಅದು ಅರ್ಧ ಚರಿತ್ರೆ. ಸತ್ಯ ನುಡಿಯಿರಿ ಎಂದು ಮದ್ರಸದಲ್ಲಿ ಕಲಿಸುವ ನಮಗೆ ಅದು ಒಪ್ಪುವುದಿಲ್ಲ.

ಕಳೆದ ಸಲ ಹೋದಾಗ ಕಲ್ಲಿನ ಮೇಲೆ ಕೆತ್ತಿದ ಹೆಸರುಗಳನ್ನು ಕಂಡೆವು. ಅದರಲ್ಲಿ ನಮ್ಮ ಮಕ್ಕಳವೂ ಇದ್ದವು. ಅದು ಸಂರಕ್ಷಿತ ಸ್ಮಾರಕ, ನಮಗೆ ಸಿಕ್ಕ ಅಮಾನತ್ತು. ಇಪ್ಪತ್ತು ವರ್ಷದ ಹುಡುಗ ಒಂದು ಮೊಳೆ ಹಿಡಿದು ಇನ್ನೂರು ವರ್ಷ ದಾಟಿದ ಕಲ್ಲನ್ನು ಕೆಡಿಸಬಾರದು.

ಹಣ್ಣಿನ ಚೀಲ ಕೈಗೆ ಕೊಡುತ್ತಾ ಹುಡುಗ, "ಹಾಗಾದ್ರೆ ಅಲ್ಲಿ ಹೋಗಿ ಏನು ಮಾಡೋದು ಉಸ್ತಾದ್?" ಅಂದ.

"ಕಿಂಡಿ ಎಷ್ಟಿವೆ, ಎಣಿಸಿಕೊಂಡು ಬಾ" ಎಂದೆವು.